ಏಡಿಗಳ ನಡುವೆ ಎರಡು ಗಾಲಿಯ ದಾರಿ

ಏಕೀಕರಣಕ್ಕೆ ಮುಂಚಿನ ಕೆಲವು ವರ್ಷ ನಾನು ಹೊಳೆಮಣ್ಣೂರಿನಿಂದ ರೋಣಕ್ಕೆ ಬಸ್ಸು ಓಡಿಸುತ್ತಿದ್ದೆ. ರೋಣದ ಸಾಹುಕಾರರೊಬ್ಬರ ಖಾಸಗಿ ಬಸ್ಸು ಅದು. ಬ್ಯಾಟರಿ ಹೆಸರಿಗಷ್ಟೇ ಇತ್ತು. ಎಂಜಿನ್ ನಿಂತಿತೆಂದರೆ ಇಳಿದು ಹೋಗಿ, ಮುಂದಿನಿಂದ ಹ್ಯಾಂಡಲ್ ಹಾಕಿ ತಿರುವಬೇಕು. ಬ್ರೇಕು ಒಣ ರಸ್ತೆಯಲ್ಲಿ ಹಿಡಿಯುತ್ತಿತ್ತು, ಮಳೆ ಬಿದ್ದ ದಿನ ಅದರ ಮೇಲೆ ನಂಬಿಕೆ ಇಡುವ ಹಾಗಿರಲಿಲ್ಲ.

ದಾರಿಯಲ್ಲಿ ಒಂದು ಹಳ್ಳ ಸಿಗುತ್ತಿತ್ತು. ಅದನ್ನು ದಾಟುವ ಮುಂಚೆ ಒಂದು ಫರ್ಲಾಂಗಿನಷ್ಟು ದೂರ ರಸ್ತೆ ಹಳ್ಳದ ಮಗ್ಗುಲಿಗೇ ಸಾಗುತ್ತಿತ್ತು. ಎಡಕ್ಕೆ ಹಳ್ಳದ ದಂಡೆ, ಬಲಕ್ಕೆ ತಗ್ಗಿನ ಎರಿಹೊಲ, ಜಿಗುಟು ಕರಿಮಣ್ಣಿನದು. ಬ್ಯಾಸಿಗೆಯೆಲ್ಲ ದಂಡೆಯ ಬಿಲಗಳೊಳಗೆ ಅಡಗಿರುತ್ತಿದ್ದ ಏಡಿಗಳು ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಮುಂಜಾನೆ ಹೊರಗೆ ಬಂದು, ನೀರು ನಿಂತ ಹೊಲಗಳ ಕಡೆಗೆ ಹೊರಡುತ್ತಿದ್ದವು. ಒಂದೆರಡಲ್ಲ, ರಸ್ತೆಯ ಖಡಿಕಲ್ಲು ಕಾಣದಷ್ಟು.

ನಾನು ಆ ದಾರಿಗೆ ಬಂದ ಮೊದಲ ಮಳೆಗಾಲದಲ್ಲಿ ಅಲ್ಲಿ ಒಬ್ಬ ಮುದುಕಿಯನ್ನು ಕಂಡೆ. ಸೀರೆಯನ್ನು ಮೊಳಕಾಲಿಗೆ ಎತ್ತಿ ಕಟ್ಟಿ, ತೊಗರಿಕಟ್ಟಿಗೆಯ ಕಸಬರಿಗೆಯಿಂದ ಏಡಿಗಳನ್ನು ರಸ್ತೆಯ ಬಲಕ್ಕೆ ಬಳಿಯುತ್ತಿದ್ದಳು. ಬಸ್ಸು ಕಂಡವಳೇ ಕೈ ಎತ್ತಿ, "ನಿಂದರಸೋ ಯಪ್ಪಾ, ಒಂದೀಟ ನಿಂದರಸೋ!" ಎಂದು ಕೂಗಿದಳು. ನಾನು ಹಾರ್ನು ಒತ್ತಿದೆ. ನಿಲ್ಲಿಸಲಿಲ್ಲ. ಆಕೆ ಕಡೆಯ ಗಳಿಗೆಗೆ ಪಕ್ಕಕ್ಕೆ ಜಿಗಿದಳು. ಗಾಲಿಗಳ ಕೆಳಗೆ ಚಟಚಟ ಸದ್ದಾಯಿತು. ಬಸ್ಸಿನಲ್ಲಿ ಯಾರೋ ನಕ್ಕರು, ನಾನೂ ನಕ್ಕೆ.

ಸಂಜೆಮುಂದೆ ತಿರುಗಿ ಬರುವಾಗ ಆಕೆ ಅಲ್ಲೇ ಕುಳಿತಿದ್ದಳು. ಬೈಸಿಕೊಳ್ಳಲು ತಯಾರಾಗಿಯೇ ಬಸ್ಸು ನಿಲ್ಲಿಸಿದೆ. ಆಕೆ ಬೈಯಲಿಲ್ಲ. ಜಜ್ಜಿಹೋದ ಒಂದು ಏಡಿಯನ್ನು ಎತ್ತಿ ತಂದು ನನ್ನ ಕಿಟಕಿಗೆ ಹಿಡಿದಳು. ಅದರ ಹೊಟ್ಟೆಯ ಮುಚ್ಚಳ ತೆರೆದುಕೊಂಡಿತ್ತು. ಒಳಗೆ ಸಾಸಿವೆಗಿಂತ ಸ್ವಲ್ಪ ದೊಡ್ಡವು, ನೂರಾರು ಮರಿಗಳು. ಕೆಲವು ಇನ್ನೂ ಆಡುತ್ತಿದ್ದವು.

"ನಾನೂ ಏಡಿ ತಿಂತೀನಿ ತಮ್ಮಾ," ಎಂದಳು. "ಸಣ್ಣಾಕಿ ಇದ್ದಾಗಿಂದ ತಿಂದೀನಿ. ಆದ್ರ ಮರಿ ಕಟ್ಟಿಕೊಂಡು ಹೊಂಟಾವನ್ನ ಹಿಡ್ಯಂಗಿಲ್ಲ. ಇವು ಮೂರ ದಿನ ದಾಟ್ತಾವ, ಮುಗೀತು. ಮೂರ ದಿನ ಒಂದೀಟ ಸಾವಕಾಶ ಬಂದ್ರ ನಿಂದೇನ ಹೋಗತೈತಿ?"

ನಾನು ಗೇರು ಹಾಕಿ ಬಸ್ಸು ಬಿಟ್ಟೆ. ಆ ರಾತ್ರಿ ಊಟ ಸೇರಲಿಲ್ಲ ಎಂದೇನೂ ಬರೆಯುವುದಿಲ್ಲ, ಹೊಟ್ಟೆ ತುಂಬ ಉಂಡೆ. ಆದರೆ ಮರುದಿನ ಅಲ್ಲಿಗೆ ಬಂದಾಗ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಅಂದಿನಿಂದ ಮೊದಲ ಮಳೆಯ ಮೂರು ದಿನ ಅಲ್ಲಿ ನಿಲ್ಲಿಸುತ್ತಿದ್ದೆ. ನಾನೂ ಕಂಡಕ್ಟರೂ ಇಳಿದು ಆಕೆಯ ಜೊತೆ ಬಳಿಯುತ್ತಿದ್ದೆವು. ಕಂಡಕ್ಟರು ನನಗಿಂತ ಹತ್ತು ವರ್ಷ ಹಿರಿಯ, ಮೂರು ಮಕ್ಕಳ ತಂದೆ. ಗೊಣಗುತ್ತಲೇ ಕೆಲಸ ಮಾಡುವ ಮನುಷ್ಯ. ಆಕೆ ಹಳ್ಳದಾಚೆಯ ಓಣಿಯವಳು, ಕೂಲಿ ಮಾಡಿ ಬದುಕುವವಳು ಎಂಬುದು ಬಿಟ್ಟರೆ ನನಗೆ ಹೆಚ್ಚೇನೂ ತಿಳಿದಿರಲಿಲ್ಲ. ಆಯಿ ಎಂದು ಕರೆಯುತ್ತಿದ್ದೆ.

ನಾನು ಹೇಳಹೊರಟದ್ದು ಮೂರನೆಯ ಮಳೆಗಾಲದ ಒಂದು ಮುಂಜಾನೆಯ ಮಾತು.

ಹಿಂದಿನ ದಿನ ಸಂಜೆ ಮಿರಗದ, ಅಂದರೆ ಮೃಗಶಿರೆಯ, ಮೊದಲ ದೊಡ್ಡ ಮಳೆ ಜೋರಾಗಿ ಹೊಡೆದಿತ್ತು. ಮುಂಜಾನೆಯೂ ಮೋಡ ಕವಿದು ಸಣ್ಣಗೆ ಜಿನುಗುತ್ತಿತ್ತು. ಹೊಳೆಮಣ್ಣೂರು ಬಿಟ್ಟು ಒಂದು ಮೈಲಿ ಬಂದಿರಬೇಕು, ಒಬ್ಬ ಗಂಡಸು ಹೊಲದ ಬದುವಿನಿಂದ ಓಡುತ್ತ ಬಂದು ರಸ್ತೆಯ ನಡುವೆ ನಿಂತ. ಬೆನ್ನ ಮೇಲೆ ಹೆಂಡತಿಯನ್ನು ಹೊತ್ತಿದ್ದ. ಒಲೆಗೆ ಸೆಗಣಿಯ ಕುಳ್ಳು ತೆಗೆಯಲು ಬಣವಿಗೆ ಕೈ ಹಾಕಿದಾಗ ಹಾವು ಕಚ್ಚಿತ್ತಂತೆ. ಬಲಗೈಯ ಬೆರಳಿಗೆ. ಮಣಿಕಟ್ಟಿನ ಮೇಲೆ ತಲೆಗೆ ಸುತ್ತುವ ಪಟಗದ ಚೂರು ಬಿಗಿದಿದ್ದರು.

"ರೋಣದ ದವಾಖಾನಿಗೆ ಮುಟ್ಟಸ್ರಿ ಸಾಹೇಬ್ರ, ಕಾಲ ಬೀಳ್ತೀನಿ," ಎಂದ. ಆಕೆಗೆ ಮೂವತ್ತು ವರ್ಷ ಇದ್ದೀತು. ಮುಂದಿನ ಸೀಟಿನಲ್ಲಿ, ನನ್ನ ಎಡಕ್ಕೆ ಕೂರಿಸಿದೆವು. ಮೊದಲು ಅಳುತ್ತಿದ್ದಳು. ಎರಡು ಮೈಲಿ ಹೋಗುವುದರೊಳಗೆ ಅಳು ನಿಂತಿತು. ನನಗೆ ಅದೇ ಹೆಚ್ಚು ಹೆದರಿಕೆಯಾಯಿತು.

"ಮಲಗಬ್ಯಾಡ. ನನ್ನ ಕಡೆ ನೋಡ," ಎಂದು ಗಂಡ ಆಕೆಯ ಗಲ್ಲ ತಟ್ಟುತ್ತಿದ್ದ. "ಮನ್ಯಾಗ ಎಷ್ಟ ಮಂದಿ ಅದೀವಿ, ಹೇಳ."

"ಐದ..." ಎಂದಳು. ನಾಲಗೆ ದಪ್ಪವಾಗಿತ್ತು. ಕಣ್ಣಿನ ರೆಪ್ಪೆಗಳು ಜೋತುಬೀಳುತ್ತಿದ್ದವು. ಬೆರಳಿಂದ ರೆಪ್ಪೆ ಎತ್ತಿ ಹಿಡಿದು ಗಂಡನನ್ನು ನೋಡಲು ಹೆಣಗುತ್ತಿದ್ದಳು.

ಹಳ್ಳದ ತಿರುವಿಗೆ ಬಂದಾಗ ರಸ್ತೆ ಕಂದು ಬಣ್ಣಕ್ಕೆ ತಿರುಗಿ ಅಲುಗಾಡುತ್ತಿತ್ತು. ಅಷ್ಟು ಏಡಿಗಳನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ, ಆಮೇಲೆಯೂ ಕಾಣಲಿಲ್ಲ. ನಡುವೆ ಆಯಿ ಕಸಬರಿಗೆ ಹಿಡಿದು ನಿಂತಿದ್ದಳು. ಬಗಲಿಗೆ ಇಳಿಸಿ ಹೋಗೋಣವೆಂದರೆ ಎರಿಮಣ್ಣು, ಇಳಿದರೆ ಅಚ್ಚುತನಕ ಹುಗಿಯುವುದು ಖಂಡಿತ.

ಬಸ್ಸಿನ ವೇಗ ತಗ್ಗಿಸಿದ್ದೇ ತಡ, ಗಂಡ ನನ್ನ ತೋಳು ಹಿಡಿದ. "ಯಾಕ ನಿಂದರಸ್ತೀರಿ? ಹೊಡೀರಿ! ಹುಳಾ ನೋಡಕೋತ ಕುಂತ್ರ ನನ್ನ ಹೆಂಡ್ತಿ ಹೋಗ್ತಾಳ್ರಿ!"

ಅವನ ಮಾತು ಖರೇ ಇತ್ತು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದೆ. "ಆಯಿ, ಇವತ್ತ ನಿಂದ್ರಾಕ ಆಗಂಗಿಲ್ಲ. ಹಾವ ಕಡದೈತಿ. ಬಾಜೂಕ ಸರಿ!"

ಆಕೆ ಸರಿದು, ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡುತ್ತ ಒಳಗೆ ಇಣುಕಿದಳು. ಆ ಹೆಂಗಸಿನ ಮುಖ ನೋಡಿದಳು.

"ನೀ ನಿಂದ್ರಬ್ಯಾಡ," ಎಂದಳು. "ನಾ ಮುಂದ ಬಳಕೋತ ಓಡ್ತೀನಿ. ಪೂರಾ ರಸ್ತಾ ಬ್ಯಾಡ, ಗಾಲಿ ಹಾಯೂವಷ್ಟ ಸಾಕು. ಇನ್ನೊಂದ ಗಾಲಿಗೆ ಯಾರರ ಬರ್ರಿ!"

ಕಂಡಕ್ಟರು ಆಗಲೇ ಬಾಗಿಲಿಂದ ಧುಮುಕಿದ್ದ. ಕೈಗೆ ಸಿಕ್ಕ ಗೋಣಿಚೀಲ ಹಿಡಿದು ಎಡಗಾಲಿಯ ಸಾಲಿಗೆ ಹೋದ. ಹಿಂದೆ ಕುಳಿತಿದ್ದ ಇಬ್ಬರು ರೈತರೂ ಹೊದ್ದ ಕಂಬಳಿಯನ್ನು ಸುರುಳಿ ಮಾಡಿ ಕೈಯಲ್ಲಿ ಹಿಡಿದು ಇಳಿದರು. ನಾಲ್ವರೂ ಬಾಗಿ, ಅತ್ತಿತ್ತ ಬೀಸುತ್ತ, ಬಸ್ಸಿನ ಮುಂದೆ ಓಡತೊಡಗಿದರು. ಏಡಿಗಳು ಕಾಲಿಗೆ ಕಚ್ಚುತ್ತಿದ್ದವು. ಒಬ್ಬ ರೈತ ಕುಂಟುತ್ತ ಒಂದನ್ನು ಕಾಲಿನಿಂದ ಝಾಡಿಸಿದ. ಯಾರೂ ನಿಲ್ಲಲಿಲ್ಲ.

ನಾನು ಮೊದಲ ಗೇರಿನಲ್ಲಿ ಅವರ ಹಿಂದೆ ಹಿಂದೆ ಹೋಗುತ್ತಿದ್ದೆ. ನಾನು ಇಷ್ಟು ವರ್ಷ ಗಾಡಿ ಓಡಿಸಿದ್ದರಲ್ಲಿ ಅಷ್ಟು ಹೆದರಿದ್ದು ಅದೊಂದೇ ಸಲ. ಆಯಿಯ ಬೆನ್ನು ಬಂಪರಿನಿಂದ ಆರೇಳು ಮಾರು ದೂರದಲ್ಲಿತ್ತು. ರಸ್ತೆ ಜಾರುತ್ತಿತ್ತು. ವೇಗ ತಗ್ಗಿಸಿದರೆ ಪಕ್ಕದಲ್ಲಿ ಒಂದು ಜೀವ, ಹೆಚ್ಚಿಸಿದರೆ ಮುಂದೆ ಒಂದು ಜೀವ. ಗಂಡ ಇನ್ನೂ ಕೇಳುತ್ತಿದ್ದ, "ನಿನ್ನ ತವರುಮನಿ ಯಾವೂರಾಗ? ಹೇಳ, ಯಾವೂರಾಗ?" ಉತ್ತರ ಬರಲಿಲ್ಲ.

ಅರ್ಧಕ್ಕಿಂತ ಹೆಚ್ಚು ದಾರಿ ಮುಗಿದಿತ್ತು. ಆಗ ಆಯಿ ಬಿದ್ದಳು. ಕಾಲು ಜಾರಿ, ಕಸಬರಿಗೆ ಸಮೇತ ಗಾಲಿಯ ಸಾಲಿನೊಳಗೇ ಅಡ್ಡಬಿದ್ದಳು.

ಬ್ರೇಕಿನ ಮೇಲೆ ಎದ್ದು ನಿಂತೆ. ಬ್ರೇಕು ಹಿಡಿಯಲಿಲ್ಲ. ಬಸ್ಸು ಜಾರಿತು. ಸ್ಟೇರಿಂಗು ಎಡಕ್ಕೆ ಎಳೆದೆ, ಬೋನೆಟ್ಟಿನ ಆಚೆ ಆಕೆ ಕಾಣದಾದಳು. ಏನೋ ಒಂದು ಕೂಗು ಕೇಳಿತು, ಅದು ನನ್ನದೇ ಇರಬೇಕು. ಬಸ್ಸು ನಿಂತಿತು. ಎಂಜಿನ್ನೂ ನಿಂತಿತು.

ಆ ಸಪ್ಪಳವಿಲ್ಲದ ಗಳಿಗೆಯಲ್ಲಿ ಏಡಿಗಳು ಖಡಿಯ ಮೇಲೆ ಸರಿಯುವ ಸದ್ದು ಮಾತ್ರ ಕೇಳುತ್ತಿತ್ತು. ಇಳಿದು ನೋಡುವ ಧೈರ್ಯ ನನಗಾಗಲಿಲ್ಲ.

"ಬದುಕ್ಯಾಳ!" ಎಂದು ಕಂಡಕ್ಟರು ಕೂಗಿದ.

ಕೆಳಗೆ ಹಾರಿದೆ. ಬಲಗಾಲಿ ಆಕೆಯ ತಲೆಯಿಂದ ಒಂದು ಗೇಣು ಈಚೆ ನಿಂತಿತ್ತು. ರೈತರು ಆಕೆಯನ್ನು ಎಳೆದು ಬಗಲಿಗೆ ಕೂರಿಸಿದರು. ಮುಖದ ತುಂಬ ಕೆಸರು, ಮೊಳಕಾಲು ಒಡೆದು ರಕ್ತ ಸುರಿಯುತ್ತಿತ್ತು. ನಾನು ಬಾಗಿದೆ. ಆಕೆ ನನ್ನ ಎದೆಗೆ ಕೈಹಚ್ಚಿ ತಳ್ಳಿದಳು. "ನನ್ನೇನ ನೋಡ್ತಿ? ಬಂಡಿ ಚಾಲೂ ಮಾಡ!"

ಕಂಡಕ್ಟರು ಹ್ಯಾಂಡಲ್ ತಿರುವಿದ. ಎಂಜಿನ್ ಕೆಮ್ಮಿ ಸುಮ್ಮನಾಯಿತು. ಎರಡನೆಯ ಸಲಕ್ಕೆ ಹ್ಯಾಂಡಲ್ ಹಿಂದಕ್ಕೆ ಒದ್ದು ಅವನ ಮುಂಗೈಗೆ ಹೊಡೆಯಿತು. ಅವನು ಕೈ ಹಿಡಿದುಕೊಂಡು ಕುಸಿದ. ಮೂರನೆಯ ಸಲ ನಾನೇ ತಿರುವಿದೆ. ಗಂಡ ಕಿಟಕಿಯ ಪಕ್ಕ ಹೆಸರು ಹಿಡಿದು ಹೆಂಡತಿಯನ್ನು ಕೂಗುತ್ತಿದ್ದ, ಆ ಕೂಗಿನಲ್ಲಿ ಈಗ ಪ್ರಶ್ನೆ ಇರಲಿಲ್ಲ. ಎಂಜಿನ್ ಹತ್ತಿತು.

ಮುಂದೆ ಇನ್ನೂ ನಲವತ್ತು ಹೆಜ್ಜೆ ಇತ್ತು. ಕಂಡಕ್ಟರು ಕೈ ಒತ್ತಿಕೊಂಡು ಬಸ್ಸು ಹತ್ತಿದ, ರೈತರು ಆಯಿಯನ್ನು ಹಿಡಿದುಕೊಂಡು ಬಗಲಿನಲ್ಲೇ ಉಳಿದರು; ಬಳಿಯುವವರು ಯಾರೂ ಇರಲಿಲ್ಲ, ಕಾಯಲು ಹೊತ್ತೂ ಇರಲಿಲ್ಲ. ಆಯಿಯ ಕಡೆ ನೋಡಿದೆ. ಆಕೆ ಹೋಗೆಂದು ಕೈ ಮಾಡಿದಳು, ಮಾಡಿ ಮುಖ ಆಚೆ ತಿರುಗಿಸಿದಳು. ನಾನು ಹೊಡೆದೆ. ಕೆಳಗಿನ ಸದ್ದು ಬಸ್ಸಿನಲ್ಲಿದ್ದ ಎಲ್ಲರಿಗೂ ಕೇಳಿತು. ಈ ಸಲ ಯಾರೂ ನಗಲಿಲ್ಲ.

ರೋಣದ ದವಾಖಾನೆಯ ಮುಂದೆ ನಿಲ್ಲಿಸಿದಾಗ ಆ ಹೆಂಗಸಿನ ಉಸಿರು ಇದ್ದೂ ಇಲ್ಲದ ಹಾಗೆ ಇತ್ತು. ಇಂಜೆಕ್ಷನ್ ಇದೆಯೋ ಇಲ್ಲವೋ ಎಂಬುದು ನಮಗೆ ಗೊತ್ತಿರಲಿಲ್ಲ. ಇತ್ತು. ಡಾಕ್ಟರು ಬಾಗಿಲು ಹಾಕಿಕೊಂಡರು. ನಾವು ಹೊರಗೆ ಕಟ್ಟೆಯ ಮೇಲೆ ಕುಳಿತೆವು. ಗಂಡ ಕೂರಲಿಲ್ಲ, ಗೋಡೆಗೆ ಹಣೆ ಹಚ್ಚಿ ನಿಂತೇ ಇದ್ದ. ಮಧ್ಯಾಹ್ನದ ಹೊತ್ತಿಗೆ ಕಂಪೌಂಡರು ಹೊರಗೆ ಬಂದು, "ನೀರ ಕೇಳಿದ್ಳು," ಎಂದ. ಗಂಡ ಅಲ್ಲಿಯೇ ನೆಲಕ್ಕೆ ಕುಳಿತು ಸಣ್ಣ ಕೂಸಿನ ಹಾಗೆ ಅತ್ತ. ಮುಂದೆ ಆಕೆಯ ಆ ಬೆರಳನ್ನು ತೆಗೆಯಬೇಕಾಯಿತು. ಜೀವ ಉಳಿಯಿತು.

ತಿರುಗಿ ಹೋಗುವಾಗ ಆಯಿ ಹಳ್ಳದ ಮೇಲಿನ ಮೋರಿಯ ಕಟ್ಟೆಯ ಮೇಲೆ ಕುಳಿತಿದ್ದಳು. ಮೊಳಕಾಲು ಊದಿತ್ತು. ದವಾಖಾನೆಯಿಂದ ಕೇಳಿ ತಂದ ಅರಿವೆಯ ಪಟ್ಟಿಯನ್ನು ಅವಳ ಕಾಲಿಗೆ ಕಟ್ಟಿದೆ.

"ಹ್ಯಾಂಗದಾಳ?" ಎಂದಳು.

"ನೀರ ಕುಡದ್ಳು."

ಆಕೆ ತಲೆ ಆಡಿಸಿದಳು. ನಾನು, "ಕಡೀಕ ಭಾಳ ಸತ್ತುವು ಆಯಿ," ಎಂದೆ.

"ಕಂಡೀನಿ." ಪಟ್ಟಿಯ ಗಂಟನ್ನು ತಾನೇ ಬಿಗಿದುಕೊಂಡಳು. "ನಾ ಬಿದ್ದಿರಲಿಲ್ಲಂದ್ರ ಅವೂ ದಾಟತಿದ್ವು. ನಾಳೆ ನನ್ನ ಕಾಲ ಏಳಂಗಿಲ್ಲ. ನೀ ಒಬ್ಬನ ಬಳೀಬೇಕಾಗತೈತಿ."

"ಬಳೀತೀನಿ," ಎಂದೆ.

ಮರುದಿನ ಸಾಹುಕಾರರಿಗೆ ಸುದ್ದಿ ಮುಟ್ಟಿತು. ಮುದುಕಿಯನ್ನು ಗಾಲಿಯ ಮುಂದೆ ಓಡಿಸಿದ್ದಕ್ಕೆ ನನ್ನನ್ನು ಕರೆಸಿ ಬಾಯಿಗೆ ಬಂದಂತೆ ಬೈದರು. ನಾನು ತಲೆ ತಗ್ಗಿಸಿ ನಿಂತೆ, ಆ ಬೈಗುಳ ನನಗೆ ಸಲ್ಲಬೇಕಾದದ್ದೇ. ಬೈದು ಮುಗಿಸಿ, ಬ್ರೇಕು ರಿಪೇರಿಗೆ ಗದಗಿಗೆ ಕಳಿಸಲು ಹೇಳಿದರು. ಮಳೆ ಹಿಡಿದ ದಿನ ಅರ್ಧ ತಾಸು ಮುಂಚೆ ಬಿಡು, ಅಲ್ಲಿ ನಿಂತು ಹೋಗಲು ಹೊತ್ತು ಸಿಗುತ್ತದೆ ಎಂದೂ ಹೇಳಿದರು. ಅವರ ಬಾಯಿಂದ ಆ ಮಾತು ಬಂದೀತೆಂದು ನಾನಾಗಲಿ ಕಂಡಕ್ಟರಾಗಲಿ ಎಣಿಸಿರಲಿಲ್ಲ.

ಮುಂದಿನ ಎರಡು ಮಳೆಗಾಲವೂ ಹಾಗೆಯೇ ನಡೆಯಿತು. ಆಯಿ ಕೋಲೂರಿಕೊಂಡು ಬಂದು ಕಟ್ಟೆಯ ಮೇಲೆ ಕುಳಿತು, ಅಲ್ಲೊಂದು ಉಳೀತು, ಇಲ್ಲೊಂದು ಉಳೀತು ಎಂದು ನಮಗೆ ತೋರಿಸುತ್ತಿದ್ದಳು. ಆಮೇಲೆ ನನ್ನನ್ನು ಗಜೇಂದ್ರಗಡದ ದಾರಿಗೆ ಹಾಕಿದರು. ಅತ್ತ ಕಲ್ಲುಗುಡ್ಡ, ಏಡಿಯ ಮಾತಿಲ್ಲ. ನನ್ನ ಬದಲಿಗೆ ಬಂದ ಡ್ರೈವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದ್ದೆ. ಅವನು ಹೂಂ ಎಂದಿದ್ದ, ಆದರೆ ಹೂಂ ಎನ್ನುವಾಗ ನಕ್ಕಿದ್ದ. ಆ ವರ್ಷ ಮಿರಗ ಹೊಡೆದ ದಿನ ನಾನು ಆ ಹೊಸ ದಾರಿಯ ಸೂಡಿಯ ಹತ್ತಿರ ಬಸ್ಸಿನಲ್ಲಿ ಕುಳಿತು, ಗಾಜಿನ ಮೇಲೆ ನೀರು ಇಳಿಯುವುದನ್ನು ನೋಡುತ್ತ, ಅವನು ನಾಳೆ ನಿಲ್ಲಿಸುತ್ತಾನೋ ಇಲ್ಲವೋ ಎಂದು ಯೋಚಿಸುತ್ತಿದ್ದೆ.