ಕುರುಗೋಡಿನಲ್ಲಿ ತುಂಬಿದ ಉಡಿ

ಸಿರುಗುಪ್ಪದಿಂದ ಬಳ್ಳಾರಿಗೆ ಬೆಳಗಿನ ಬಸ್ಸು ಏಳಕ್ಕೆ ಎನ್ನುತ್ತಿದ್ದರು. ನಾವು ಹೊರಟಾಗ ಎಂಟು ದಾಟಿತ್ತು. ಪೆಟ್ರೋಲ್ ಸಿಗದ ಯುದ್ಧಕಾಲ ಮುಗಿದು ವರ್ಷಗಳಾಗಿದ್ದರೂ ಆ ದಾರಿಯಲ್ಲಿ ಇನ್ನೂ ಇದ್ದಿಲ ಬಸ್ಸೇ ಓಡುತ್ತಿತ್ತು. ಕ್ಲೀನರ್ ಹಿಂದೆ ನಿಂತು ಇದ್ದಿಲೊಲೆಯ ಗಾಳಿಚಕ್ರ ತಿರುವಿ ತಿರುವಿ ಬೆವರಿಳಿಸಿದ ಮೇಲೆ ಎಂಜಿನು ಕೆಮ್ಮಿ ಎದ್ದಿತು. ದಾರಿ ಮೂವತ್ತನಾಲ್ಕು ಮೈಲಿ, ಟಿಕೀಟು ತಲೆಗೆ ಒಂದು ರೂಪಾಯಿ ಒಂದಾಣೆ. ನಮ್ಮ ಮನೆಯವರು ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಕುಲುಕದಿರಲಿ ಎಂದು ಕೌದಿಯನ್ನು ಮಡಚಿ ಕೆಳಗೆ ಹಾಕಿದರು.

ಆಗ ನನಗೆ ನಲವತ್ತೆರಡು ವರ್ಷ. ಹಿಂದಿನ ವರ್ಷ ಬಳ್ಳಾರಿಯಲ್ಲಿ ಆಪರೇಷನ್ ಮಾಡಿ ನನ್ನ ಅಂಡಾಶಯದಿಂದ ತೆಂಗಿನಕಾಯಿಯಷ್ಟು ಗಡ್ಡೆ ತೆಗೆದಿದ್ದರು. ಅದು ಕ್ಯಾನ್ಸರ್ ಎಂದು ಆಗಲೇ ಹೇಳಿದ್ದರು, ಕಂಡದ್ದನ್ನೆಲ್ಲ ತೆಗೆದಿದ್ದೇವೆ ಎಂದೂ ಹೇಳಿದ್ದರು. ನಾವು ಎರಡನೆಯ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡು ಊರಿಗೆ ಬಂದೆವು. ಬಂಧುಗಳಿಗೆ ‘ಹೊಟ್ಟೆಯಲ್ಲಿ ಗಡ್ಡೆ ಇತ್ತು, ತೆಗೆಸಿದೆವು’ ಎಂದಷ್ಟೇ ತಿಳಿಸಿದ್ದೆವು. ನಮಗೆ ಮಕ್ಕಳಿಲ್ಲ. ಇನ್ನು ಆಗುವುದೂ ಇಲ್ಲ ಎಂಬುದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಆ ಬೇಸಿಗೆಯಲ್ಲಿ ಹೊಟ್ಟೆ ಮತ್ತೆ ಉಬ್ಬತೊಡಗಿತು. ಸೀರೆಯ ನಿರಿಗೆ ದಿನದಿನಕ್ಕೆ ಕಡಿಮೆಯಾಗುತ್ತ ಬಂತು.

ತೆಕ್ಕಲಕೋಟೆಯಲ್ಲಿ ಬಸ್ಸು ನಿಂತಾಗ ಮನೆಯವರು ಒಗ್ಗರಣೆ ಮಂಡಕ್ಕಿ, ಮಿರ್ಚಿ ತಂದುಕೊಟ್ಟರು. ಎರಡು ತುತ್ತಿಗೆ ಹೊಟ್ಟೆ ತುಂಬಿದಂತಾಯಿತು. ಎರೆಹೊಲಗಳು ಬಿಸಿಲಿಗೆ ಬಾಯಿಬಿಟ್ಟಿದ್ದವು. ಬಳ್ಳಾರಿ ಸೇರುವ ಹೊತ್ತಿಗೆ ನಮ್ಮೆಲ್ಲರ ಮುಖಕ್ಕೂ ಇದ್ದಿಲ ಮಸಿ ಮೆತ್ತಿತ್ತು. ಸತ್ಯನಾರಾಯಣಪೇಟೆಯಲ್ಲಿ ಮನೆಯವರ ಚಿಕ್ಕಪ್ಪನ ಮಗನ ಮನೆಯಲ್ಲಿ ಇಳಿದುಕೊಂಡೆವು.

ಮರುದಿನ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಅನಂತಪುರದ ಕಡೆಯವರು. ಕನ್ನಡದಲ್ಲಿ ಶುರುವಾದ ಅವರ ಮಾತು ಎಷ್ಟೋ ಸಲ ತೆಲುಗಿನಲ್ಲಿ ಮುಗಿಯುತ್ತಿತ್ತು. ನನ್ನ ಹೊಟ್ಟೆಯನ್ನು ಬಹಳ ಹೊತ್ತು ಒತ್ತಿ, ತಟ್ಟಿ ನೋಡಿದರು. ಕೈ ತೊಳೆದು ಬಂದು ಎದುರಿಗೆ ಕೂತರು.

“ಮತ್ತೆ ಬಂದಿದೆ ಅಮ್ಮಾ. ಉಬ್ಬಿರುವುದು ನೀರು. ಗಡ್ಡೆ ಈಗ ಒಂದೇ ಕಡೆ ಇಲ್ಲ, ಅಲ್ಲಲ್ಲಿ ಕೈಗೆ ಸಿಗುತ್ತದೆ.”

“ನಿಮ್ಮದು ಊಟ ಆತೇನ್ರಿ?” ಎಂದು ನಾನು ಕೇಳಿದೆ.

ಯಾಕೆ ಕೇಳಿದೆನೋ ಇವತ್ತಿಗೂ ತಿಳಿಯದು. ಬಾಯಿ ತನ್ನಷ್ಟಕ್ಕೆ ಆಡಿತು. ಡಾಕ್ಟರಮ್ಮ ನಗಲಿಲ್ಲ. “ಇನ್ನೂ ಇಲ್ಲಮ್ಮ,” ಎಂದು ಉತ್ತರ ಕೊಟ್ಟು, ನನ್ನ ಕಣ್ಣು ಒಂದು ಕಡೆ ನಿಲ್ಲುವವರೆಗೆ ಕಾದು, ಆಮೇಲೆ ಮುಂದುವರಿಸಿದರು. ಇಲ್ಲೇ ಮತ್ತೊಮ್ಮೆ ಕೊಯ್ಯಬಹುದು, ಆದರೆ ಎಲ್ಲವನ್ನೂ ತೆಗೆಯಲಾಗದು. ನಾನು ಆಪರೇಷನ್ ಮೇಜಿನಿಂದ ಎದ್ದು ಬರುತ್ತೇನೆಂದು ಮಾತು ಕೊಡಲಾರರು. ಮದ್ರಾಸಿನಲ್ಲಿ ಗಡ್ಡೆ ಸುಡಲು ಕಿರಣ ಬಿಡುತ್ತಾರೆ. ಎರಡು ತಿಂಗಳು ಅಲ್ಲೇ ಇರಬೇಕು. ವಾಂತಿ, ಭೇದಿ, ಮೇಲೇಳಲಾಗದ ಸುಸ್ತು. ಗಡ್ಡೆ ಕುಗ್ಗಬಹುದು, ಕುಗ್ಗದೆಯೂ ಇರಬಹುದು. ಎರಡೂ ಬೇಡವೆಂದರೆ ಆಗಾಗ ಬಂದು ಸೂಜಿ ಹಾಕಿಸಿ ನೀರು ತೆಗೆಸಿಕೊಳ್ಳುವುದು, ಉಸಿರಾಟವಾದರೂ ಹಗುರಾಗುತ್ತದೆ. ಇದರಲ್ಲಿ ಯಾವುದು ಬೇಕು ಎಂದು ಕೇಳಿದರು.

“ನೀವು ಹೆಂಗಂತೀರೋ ಹಂಗ್ರಿ,” ಎಂದರು ನಮ್ಮ ಮನೆಯವರು.

“ನಾನು ಕೇಳಿದ್ದು ನಿಮ್ಮನ್ನಲ್ಲ, ಇವರನ್ನು.”

ಕಾಯಿಲೆ ಮರಳಿದ ಸುದ್ದಿಯ ಮೇಲೆ ಇದು ಇನ್ನೊಂದು ಪೆಟ್ಟು. ಮದುವೆ ಮಾಡುವಾಗ ಯಾರೂ ನನ್ನನ್ನು ಕೇಳಿರಲಿಲ್ಲ. ಹಿಂದಿನ ಆಪರೇಷನ್ನಿಗೂ ಕೇಳಿರಲಿಲ್ಲ. ಉಪ್ಪು ಎಷ್ಟು, ಖಾರ ಎಷ್ಟು ಎಂಬುದಕ್ಕೆ ಮಾತ್ರ ಉತ್ತರ ಕೊಟ್ಟು ಅಭ್ಯಾಸವಿದ್ದ ನಾನು ಸೆರಗಿನ ತುದಿ ಸುತ್ತುತ್ತ ಕೂತೆ. “ವಾರದೊಳಗೆ ಹೇಳಿ,” ಎಂದರು ಡಾಕ್ಟರಮ್ಮ. “ತಡವಾದರೆ ಮದ್ರಾಸಿನ ದಾರಿ ತಾಳುವ ಶಕ್ತಿ ಉಳಿಯುವುದಿಲ್ಲ.”

ಹೊರಗೆ ಬೇವಿನ ಮರದ ಕೆಳಗೆ ಮನೆಯವರು, “ಕುರುಗೋಡಿಗೆ ಹೋಗಿ ನಿಮ್ಮಣ್ಣನ್ನ ಕೇಳೂಣು,” ಎಂದರು. ನಾನು ತಲೆಯಾಡಿಸಿದೆ.

ಕುರುಗೋಡು ನನ್ನ ತವರು. ಮರುದಿನದ ಬಸ್ಸಿನಲ್ಲಿ ನಿಂತವರೇ ಹೆಚ್ಚು. ಬಂಡೆಗಳನ್ನು ಹೇರಿಟ್ಟಂಥ ಊರಗುಡ್ಡ ದೂರದಿಂದಲೇ ಕಂಡಿತು. ಬೇರೆ ದಿನವಾಗಿದ್ದರೆ ಮನಸ್ಸು ಅರಳುತ್ತಿತ್ತು. ಅಂದು ಅವು ಬರೀ ಕಲ್ಲಾಗಿದ್ದವು.

ಬಾಗಿಲಿಗೆ ಬಂದ ನಾಗಮ್ಮ ಅತ್ತಿಗೆಯ ಕಣ್ಣು ನೇರ ನನ್ನ ಹೊಟ್ಟೆಯ ಮೇಲೆ ಬಿತ್ತು. ಹೊಸಿಲಲ್ಲೇ ನನ್ನನ್ನು ತಡೆದು, ಒಳಗೆ ಓಡಿ ಉಪ್ಪು ಮೆಣಸಿನಕಾಯಿ ತಂದು ದೃಷ್ಟಿ ತೆಗೆದಳು. “ಒಂದು ಮಾತು ಹೇಳಿ ಕಳಸಬಾರದೇನ? ನಲವತ್ತು ದಾಟಿದ್ದಕ್ಕ ನಾಚಿಕಿ ಬಂತೇನು? ನಾನೂ ನಲವತ್ತೊಂದಕ್ಕ ಹಡದಾಕಿನ ಅದೀನಿ.”

ಮನೆಯವರು ಆಗಲೇ ಅಣ್ಣನನ್ನು ಹುಡುಕಿಕೊಂಡು ಹೊಲಕ್ಕೆ ಹೋಗಿಬಿಟ್ಟಿದ್ದರು. ಸ್ವಲ್ಪ ಒರಗಿ ಎದ್ದು ಹೇಳೋಣ ಎಂದು ಚಾಪೆಯ ಮೇಲೆ ಮಲಗಿದೆ, ನಿದ್ದೆ ಹತ್ತಿತು.

ಎಚ್ಚರವಾದಾಗ ಪಡಸಾಲೆ ತುಂಬ ಓಣಿಯ ಹೆಂಗಸರು. ಬಳೆಗಾರ್ತಿ ಖಾಸಿಂಬಿ ಬಳೆಯ ಮಲಾರ ಬಿಚ್ಚಿ ಕೂತಿದ್ದಳು. ಬೇಡವೆನ್ನುವುದರೊಳಗೆ ನನ್ನನ್ನು ಮಣೆಯ ಮೇಲೆ ಕೂರಿಸಿದರು. ಎರಡೂ ಕೈಗೆ ಹಸಿರು ಬಳೆ ಏರಿದವು. ನಮ್ಮ ಕಡೆ ಉಡಿ ತುಂಬಲು ಬಂದವರಿಗೆ ಬೇಡ ಎನ್ನುವ ರೂಢಿಯಿಲ್ಲ; ಸೆರಗು ಒಡ್ಡಲೇಬೇಕು. ಅಕ್ಕಿ ರೇಶನ್ನಿನ ಕಾಲ, ಹಾಗಾಗಿ ಜೋಳ. ಕೊಬ್ಬರಿ ಬಟ್ಟಲು, ಅರಿಸಿನ ಕೊಂಬು, ಎಲೆ ಅಡಿಕೆ, ಕುಪ್ಪಸದ ಬಟ್ಟೆ ಮೊದಲು ಬಿದ್ದವು. ಪಕ್ಕದ ಮನೆಯ ಮುದುಕಿ, “ಗಡ್ಡಿ ತೆಗಸ್ತೀನಿ ಅಂತ ಕರಕೊಂಡು ಹೋದ ಗಂಡ, ತೆಗಸಿದ ಜಾಗಾ ಖಾಲಿ ಬಿಡಲಿಲ್ಲ ನೋಡ್ರೇ,” ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಅತ್ತಿಗೆ ಬೊಗಸೆಯಿಂದ ಜೋಳ ಸುರಿದಳು. ಬಿಸಿಲಿಗೆ ಹರವಿದ್ದ ಕಾಳು, ಇನ್ನೂ ಬೆಚ್ಚಗಿತ್ತು. ಅದರ ಭಾರ ತೊಡೆಯ ಮೇಲೆ ಕೂತ ಆ ಗಳಿಗೆಯಲ್ಲಿ ನಾನೂ ನಂಬಿಬಿಟ್ಟೆ. ಹಿಂದಿನ ದಿನ ಕೇಳಿದ್ದೆಲ್ಲ ಇನ್ಯಾರದೋ ಸುದ್ದಿ, ಇದು ನನ್ನದು ಎಂದು ಅನಿಸಿತು. ಎಷ್ಟು ಸಂತೋಷವಾಯಿತೆಂದರೆ, ಅದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಅತ್ತಿಗೆ ಅಂಗೈಯನ್ನು ನನ್ನ ಹೊಟ್ಟೆಯ ಮೇಲಿಟ್ಟು, “ಆಡತೈತೇನ?” ಎಂದಳು.

“ಅತ್ತಿಗಿ, ಅದು ನೀರು. ಹೋದ ವರ್ಷದ ಗಡ್ಡಿ ಕ್ಯಾನ್ಸರ್ ಆಗಿತ್ತು. ಮತ್ತ ಬಂದೈತಿ.”

ಅವಳು ಕೈ ತೆಗೆಯಲಿಲ್ಲ. ತೆಗೆಯಬೇಕೆಂಬುದೇ ಅವಳಿಗೆ ಹೊಳೆದಂತಿರಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಮುದುಕಿ ಹೋಗುವಾಗ ನನ್ನ ತಲೆ ಸವರಿದಳು. ನಾನು ಬಳೆ ಇಳಿಸಲು ಕೈಹಾಕಿದಾಗ ಖಾಸಿಂಬಿ ನನ್ನ ಮುಂಗೈ ಹಿಡಿದು, “ಇರಲಿ ಬಿಡ್ರಿ ಅಕ್ಕಾರ, ಹಸಿರು ಎಲ್ಲಾರಿಗೂ ಒಪ್ಪತೈತಿ,” ಎಂದಳು.

ಸಂಜೆ ಅಣ್ಣ, ನಮ್ಮ ಮನೆಯವರು ಹೊರಕಟ್ಟೆಯ ಮೇಲೆ ಕೂತು ನನ್ನ ಹೊಟ್ಟೆಯ ಬಗ್ಗೆ ಮಾತಾಡಿದರು. ಬಳ್ಳಾರಿಯಲ್ಲೇ ಕೊಯ್ಸಿಬಿಡೂಣು, ಹತ್ತಿರ ಆಗತೈತಿ ಎಂದು ಅಣ್ಣ. ಮದ್ರಾಸಿನಲ್ಲಿ ಗುರುತಿಲ್ಲ, ಭಾಷೆಯಿಲ್ಲ, ಹೆಚ್ಚುಕಡಿಮೆಯಾದರೆ ಏನು ಮಾಡೋದು ಎಂದು ಮನೆಯವರು. ನಾನು ಬಾಗಿಲ ಒಳಗೆ ನಿಂತು ಕೇಳುತ್ತಿದ್ದೆ. ಬೆಳಿಗ್ಗೆಯಾಗಿದ್ದರೆ ಅವರು ಹೇಳಿದ್ದಕ್ಕೆ ಹೂಂ ಎನ್ನುತ್ತಿದ್ದೆನೇನೋ. ಆದರೆ ಮಧ್ಯಾಹ್ನ ಅಷ್ಟು ಸಂತೋಷಪಟ್ಟ ಹೆಂಗಸು ಇನ್ನೂ ಸಾಯಲು ತಯಾರಾಗಿಲ್ಲ ಎಂಬುದು ನನಗೆ ಆಗ ತಿಳಿದಿತ್ತು. ಹೊರಗೆ ಬಂದೆ.

“ಡಾಕ್ಟರಮ್ಮ ಕೇಳಿದ್ದು ನನ್ನ. ಕೊಯ್ಸಿಕೊಳ್ಳಾಕ ನಾ ಒಲ್ಲೆ. ಮದ್ರಾಸಿಗೆ ಹೋಗೂಣು. ಒಮ್ಮೆ. ಅದಕ್ಕೂ ಬಗ್ಗಲಿಲ್ಲಂದ್ರ ಆಮ್ಯಾಲೆ ಯಾವ ಊರೂ ಬ್ಯಾಡ, ನನ್ನ ಮನ್ಯಾಗ ನಾ ಇರ್ತೀನಿ. ಆಗ ನನ್ನ ಎಳದಾಡಬ್ಯಾಡ್ರಿ.”

ಅಣ್ಣ ನಮ್ಮ ಮನೆಯವರ ಮುಖ ನೋಡಿದ. ಅವರು ನೆಲ ನೋಡಿದರು. ಹಿಂದಿನಿಂದ ಅತ್ತಿಗೆ, “ನಾನೂ ಬರ್ತೀನಿ. ಹೆಂಗಸರ ವಾರ್ಡಿನ್ಯಾಗ ಇವರನ್ನ ಬಿಡ್ತಾರೇನು? ನನಗ ತೆಲುಗು ಬರತೈತಿ, ಅಲ್ಲಿ ಹೆಂಗರ ನಡೀತೈತಿ,” ಎಂದಳು.

“ಇಲ್ಲಿ ರೊಟ್ಟಿ ಯಾರು ಬಡೀತಾರ?” ಎಂದ ಅಣ್ಣ.

“ಹಿಟ್ಟು ಐತಿ, ಒಲಿ ಐತಿ, ನಿಮಗ ಎರಡು ಕೈ ಅದಾವ.”

ಬಳ್ಳಾರಿಗೆ ಮರಳಿದ ದಿನ ಡಾಕ್ಟರಮ್ಮ ಸೂಜಿ ಹಾಕಿ ನೀರು ತೆಗೆದರು, ಮದ್ರಾಸಿಗೆ ಕಾಗದ ಬರೆದುಕೊಟ್ಟರು. ನಾನು ನನ್ನ ಷರತ್ತನ್ನು ಅವರಿಗೂ ಹೇಳಿದೆ. “ಸರಿಯಾದ ಮಾತು,” ಎಂದು ಅದನ್ನೂ ಕಾಗದದಲ್ಲಿ ಸೇರಿಸಿದರು. ಎರಡು ದಿನ ಬಿಟ್ಟು ಗುಂತಕಲ್ಲಿನ ಗಾಡಿ ಹತ್ತಿದೆವು; ಅಲ್ಲಿ ಮದ್ರಾಸಿನ ಗಾಡಿಗೆ ಬದಲಿಸಬೇಕು. ಅತ್ತಿಗೆ ರೈಲು ಹತ್ತಿದ್ದು ಅದೇ ಮೊದಲು. ಕಿಟಕಿಯ ಸರಳನ್ನು ಎರಡೂ ಕೈಯಿಂದ ಹಿಡಿದಿದ್ದಳು. ಬಳ್ಳಾರಿಯ ಕೋಟೆಗುಡ್ಡ ಹಿಂದೆ ಸರಿದು, ಸಣ್ಣದಾಗಿ, ಬಿಸಿಲಿನಲ್ಲಿ ಮಸುಕಾಯಿತು.

“ಏನು ಯೋಚನಿ ಮಾಡಾಕತ್ತೀ?” ಎಂದು ನಮ್ಮ ಮನೆಯವರು ಕೇಳಿದರು.

ನಾವು ತಂದ ಸೀರೆಗಳು ಸಾಲವು, ಮದ್ರಾಸಿನಲ್ಲಿ ಮಳೆ ಶುರುವಾದರೆ ಒಗೆದದ್ದು ಒಣಗುವುದಿಲ್ಲ, ಇನ್ನೆರಡು ತೆಗೆದುಕೊಳ್ಳಬೇಕು ಎಂದು ನಾನು ಹೇಳಿದೆ.