ಅಧ್ಯಕ್ಷರಿಗೆ ನಾನು ಹಾಕಿಸಿದ ಎಲೆ

ಕೊರೊನಾ ಮುಗಿದು, ಮದುವೆಗೂ ತಿಥಿಗೂ ಜನ ಮೊದಲಿನಂತೆ ಸೇರತೊಡಗಿದ ವರ್ಷ. ಆಗ ನಾನು ಚಾಮರಾಜನಗರದಲ್ಲಿ ಒಬ್ಬ ರಾಜಕಾರಣಿಯ ಆಪ್ತ ಸಹಾಯಕನಾಗಿದ್ದೆ. ನಮ್ಮ ಮನೆ ಗುಂಡ್ಲುಪೇಟೆಯಲ್ಲಿ. ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಟೈಪಿಂಗ್ ಕಲಿತು, ಆ ಮನೆತನದ ಹಿರಿಯರ ಹತ್ತಿರ ಪತ್ರ ಬರೆಯುವ ಕೆಲಸಕ್ಕೆ ಸೇರಿದ್ದೆ. ಅವರು ತೀರಿಕೊಂಡ ಮೇಲೆ ಮಗನ ಹತ್ತಿರ ಮುಂದುವರಿದೆ. ಮಗ ಒಂದು ಸರ್ಕಾರಿ ನಿಗಮದ ಅಧ್ಯಕ್ಷರಾದರು. ಈಗ ಮೊಮ್ಮಗನನ್ನು ತಯಾರು ಮಾಡುತ್ತಿದ್ದಾರೆ. ಮನೆತನದ ಹೆಸರು, ಕ್ಷೇತ್ರದ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆಯಬೇಕಾದ ಕಡೆ ಬರೆದು ಕೊಟ್ಟಿದ್ದೇನೆ. ಇಲ್ಲಿ ಹೇಳುತ್ತಿರುವುದು ನನ್ನ ತಪ್ಪು.

ಚಾಮರಾಜನಗರಕ್ಕೆ ಮುಖ್ಯಮಂತ್ರಿ ಬಂದರೆ ಕುರ್ಚಿ ಹೋಗುತ್ತದೆ ಎಂಬ ಮಾತನ್ನು ಹೊರಗಿನವರು ಈಗಲೂ ನಗುತ್ತಾ ಕೇಳುತ್ತಾರೆ. ಕುರ್ಚಿ ಯಾವುದರಿಂದ ಬರುತ್ತದೆ, ಯಾವುದರಿಂದ ಹೋಗುತ್ತದೆ ಎಂದು ಮೂವತ್ತು ವರ್ಷ ನೋಡಿದವನು ನಾನು. ನನಗೆ ಗೊತ್ತಿದ್ದ ಮಟ್ಟಿಗೆ ಅದು ಸಾವಿನ ಮನೆಯ ಶಾಮಿಯಾನದ ಕೆಳಗೆ ತೀರ್ಮಾನವಾಗುತ್ತಿತ್ತು.

ನನ್ನ ಮುಖ್ಯ ಕೆಲಸ ಅದೇ. ಯಾವ ಊರಲ್ಲಿ ಯಾರು ತೀರಿಕೊಂಡರು, ಹನ್ನೊಂದನೇ ದಿನ ಯಾವತ್ತು ಬೀಳುತ್ತದೆ, ಯಾವ ಮನೆಗೆ ಅಧ್ಯಕ್ಷರು ಹೋಗಲೇಬೇಕು, ಯಾವ ಮನೆಗೆ ಅವರ ತಮ್ಮ ಹೋದರೆ ಸಾಕು ಎಂದು ಪಟ್ಟಿ ಮಾಡುವುದು. ಕೆಲವರ ಮನೆಯಲ್ಲಿ ತಿಥಿ, ಕೆಲವರಲ್ಲಿ ಶಿವಗಣಾರಾಧನೆ, ಪಟ್ಟಣದ ಮುಸ್ಲಿಮರ ಮನೆಯಲ್ಲಿ ನಲವತ್ತನೇ ದಿನದ ಊಟ. ಎಲ್ಲಕ್ಕೂ ಒಂದೇ ಪುಸ್ತಕ. ಅದರಲ್ಲಿ ಮೂರು ಗುರುತು ಹಾಕುತ್ತಿದ್ದೆ: ಮುಖ ತೋರಿಸಿದರು, ಕೂತರು, ಉಂಡರು. ಕೆಲಸಕ್ಕೆ ಬರುತ್ತಿದ್ದದ್ದು ಮೂರನೆಯದೇ. ನಮ್ಮ ಕಡೆ ಮನಸ್ತಾಪ ಇರುವ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಉಂಡರೆ ಜಗಳ ಮುಗಿಯಿತು ಎಂದೇ ಅರ್ಥ. ಪಂಕ್ತಿಯಲ್ಲಿ ಯಾರು ಕೂತರು ಎಂಬುದನ್ನು ಊರ ಯಜಮಾನರು ನೋಡುತ್ತಾರೆ. ಸಂಜೆಯೊಳಗೆ ಸುತ್ತಲ ಹಳ್ಳಿಗಳಿಗೆ ಸುದ್ದಿ ಮುಟ್ಟುತ್ತದೆ. ಕಾರ್ಯಕರ್ತರು ನನ್ನನ್ನು ತಿಥಿ ಬಸವರಾಜು ಎಂದೇ ಕರೆಯುತ್ತಿದ್ದರು. ಹರದನಹಳ್ಳಿಯ ಟೀ ಅಂಗಡಿಯಲ್ಲಿ ನನ್ನನ್ನು ಕಂಡರೆ ಒಬ್ಬ ಯಾವಾಗಲೂ ಕೂಗುತ್ತಿದ್ದ: “ಬಸ್ರಾಜಣ್ಣ ಬಂದ ಅಂದ್ರೆ ಯಾರೋ ಓಗ್ಬುಟ್ಟವ್ರೆ ಕಣ್ಲಾ. ಟೀ ಕೊಟ್ಟು ಕಳಿಸ್ಬುಡು, ನಿಲ್ಲಿಸ್ಕಬೇಡ!”

ವಿಧಾನಸಭೆ ಚುನಾವಣೆಗೆ ಆರು ತಿಂಗಳಿದೆ ಎನ್ನುವಾಗ ಅಧ್ಯಕ್ಷರ ನಿಗಮದಲ್ಲಿ ಕೊಳವೆಬಾವಿ ಹಗರಣ ಹೊರಬಂತು. ಸಣ್ಣ ರೈತರ ಜಮೀನಿನಲ್ಲಿ ಬೋರ್‌ವೆಲ್ ಕೊರೆಸಿದ್ದೇವೆ ಎಂದು ಕಾಗದದಲ್ಲಿತ್ತು. ಹೋಗಿ ನೋಡಿದರೆ ಹಲವು ಸರ್ವೆ ನಂಬರುಗಳಲ್ಲಿ ಬಾವಿಯೇ ಇರಲಿಲ್ಲ. ಆ ಹೆಸರುಗಳನ್ನು ಕಂಪ್ಯೂಟರಿಗೆ ಹಾಕಿದವನು ಸಿದ್ದರಾಜು. ಹರವೆ ಕಡೆಯ ಒಂದು ಹಳ್ಳಿಯವನು. ನಿಗಮದ ಕಚೇರಿಯಲ್ಲಿ ಡಾಟಾ ಎಂಟ್ರಿ ಆಪರೇಟರ್, ಹೊರಗುತ್ತಿಗೆ ನೌಕರ. ಅಂದರೆ ಏಜೆನ್ಸಿಯೊಂದರ ಮೂಲಕ ಬಂದವನು, ಸರ್ಕಾರದ ನೌಕರನಲ್ಲ. ಅವನು ಹೆಸರುಗಳನ್ನು ತಾನಾಗಿ ಹಾಕಿರಲಿಲ್ಲ. ಅಧ್ಯಕ್ಷರ ಮನೆಯಿಂದ ಹೋದ ಪಟ್ಟಿಯನ್ನು ನೋಡಿ ಹಾಕಿದ್ದ. ಆ ಪಟ್ಟಿ ನನ್ನ ಕೈಬರಹದಲ್ಲಿತ್ತು. ಅವನ ಮೇಜಿನ ಮೇಲೆ ಇಟ್ಟು ಬಂದವನೂ ನಾನೇ.

ವಿಚಾರಣೆ ಶುರುವಾದಾಗ ಮೊದಲು ಕೆಲಸದಿಂದ ತೆಗೆದದ್ದು ಸಿದ್ದರಾಜುವನ್ನು. ಮೂರು ದಿನ ಕರೆಸಿ ಪ್ರಶ್ನೆ ಕೇಳಿದರು. ಮೂರನೆಯ ದಿನ ಊರಿಗೆ ಹೋಗುವ ಬಸ್ಸಿನಲ್ಲಿ ಎದೆ ನೋವು ಎಂದು ಕೂತ ಸೀಟಿನಲ್ಲೇ ಒರಗಿದ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಪ್ರಾಣ ಹೋಗಿತ್ತು. ಪೇಪರಿನಲ್ಲಿ ಬಂದದ್ದು, ಹಗರಣದ ಆರೋಪಿ ಸಾವು ಎಂದು. ಊರಿನಲ್ಲಿ ಮಾತು ಎರಡು ಥರ ಇತ್ತು. ದೊಡ್ಡವರು ಮಾಡಿದ್ದು ಇವನ ತಲೆಗೆ ಬಂತು ಎನ್ನುವವರು ಹೆಚ್ಚು. ಇವನೂ ತಿಂದಿರಬೇಕು ಎನ್ನುವವರೂ ಇದ್ದರು. ಅವನ ಮಗಳು ಶಾಲೆಯಲ್ಲಿ ಆ ಎರಡನೆಯ ಮಾತನ್ನು ಕೇಳಿಸಿಕೊಂಡು ಬಂದಿದ್ದಳು.

ಅಧ್ಯಕ್ಷರು ನನ್ನನ್ನು ಕರೆದರು. ಟಿಕೆಟ್ ಸಿಗುವುದರ ಬಗ್ಗೆ ಅವರಿಗೆ ಅನುಮಾನ ಇರಲಿಲ್ಲ. ಗೆಲ್ಲುವುದರ ಬಗ್ಗೆ ಇತ್ತು.

“ಏನಯ್ಯಾ, ಆ ಸಿದ್ದರಾಜು ಊರ ಸುತ್ತ ಎಂಟು ಊರು ಹೆಂಗದೆ?”

“ಬಾವಿ ವಿಷಯ ನಾಲ್ಕು ದಿನ ಮಾತಾಡ್ತಾರೆ ಸಾರ್, ಬುಡ್ತಾರೆ. ಸಾವು ಹಂಗಲ್ಲ. ಆ ಮನೇಲಿ ನೀವು ಕೂತು ಉಂಡ್ಬುಟ್ರೆ ಎಂಟೂ ಊರು ತಣ್ಣಗಾಯ್ತವೆ.”

“ಅವ್ರು ಕರೀಬೇಕಲ್ಲಯ್ಯ?”

“ಕರೆಸ್ತೀನಿ,” ಎಂದೆ.

ಏಳನೆಯ ದಿನ ಹೋದೆ. ಸಿದ್ದರಾಜುವಿನ ತಾಯಿ ದೊಡ್ಡತಾಯಮ್ಮ ಜಗಲಿಯ ಮೇಲೆ ತಿಥಿಗೆಂದು ಅಕ್ಕಿ ಹಸನು ಮಾಡುತ್ತಿದ್ದರು. ಸೊಸೆ ನಾಗರತ್ನ ಒಳಗಿನಿಂದ ಬಂದು ಬಾಗಿಲ ಹತ್ತಿರ ನಿಂತಳು. ಪಿಯುಸಿ ಓದಿದ ಹೆಣ್ಣುಮಗಳು. ವಯಸ್ಸು ಮೂವತ್ತನಾಲ್ಕು.

“ಯಾಕಪ್ಪ ಬಂದೆ?” ಎಂದರು ದೊಡ್ಡತಾಯಮ್ಮ, ಮೊರದಿಂದ ಕಣ್ಣೆತ್ತದೆ. “ನಮ್ ಐದನ್ನ ತಿಂದ್ಕಂಡಾಯ್ತಲ್ಲ. ಇನ್ನೇನ್ ಬಾಕಿ ಅದೆ?” ಐದ ಎಂದರೆ ನಮ್ಮ ಕಡೆ ಹುಡುಗ, ಮಗ.

ನಾನು ತಲೆ ತಗ್ಗಿಸಿ ಕೂತೆ. ಇಂಥ ಮಾತು ಕೇಳಿ ಅಭ್ಯಾಸವಿತ್ತು. ಬೈಯುವವರ ಮುಂದೆ ಎದ್ದು ಹೋಗಬಾರದು, ಬೈದು ಮುಗಿದ ಮೇಲೆಯೇ ಕೆಲಸ ಶುರು ಎಂದು ನನ್ನ ವೃತ್ತಿ ಕಲಿಸಿತ್ತು. ಅವರು ಸುಮ್ಮನಾದ ಮೇಲೆ ನಾಗರತ್ನಳಿಗೆ ಹೇಳಿದೆ: “ಅಧ್ಯಕ್ಷರು ನಿಮಗೆ ಅನುಕಂಪದ ನೌಕರಿ ಕೊಡಿಸ್ತಾರಮ್ಮ.”

ಅನುಕಂಪದ ನೌಕರಿ ಎಂದರೆ, ಸೇವೆಯಲ್ಲಿದ್ದಾಗ ತೀರಿಕೊಂಡ ಸರ್ಕಾರಿ ನೌಕರನ ಮನೆಯ ಒಬ್ಬರಿಗೆ ಸರ್ಕಾರ ಕೊಡುವ ಕೆಲಸ. ಹೊರಗುತ್ತಿಗೆಯವರಿಗೆ ಅದು ಇಲ್ಲ. ಅದು ನನಗೆ ಗೊತ್ತಿತ್ತು. ಇಂಥ ಎಷ್ಟೋ ಅರ್ಜಿಗಳು ವಾಪಸು ಬಂದದ್ದನ್ನು ನಾನೇ ಫೈಲಿಗೆ ಹಾಕಿದ್ದೆ.

“ಅವ್ರ ಹೆಸರು ಕೆಟ್ಟೋಯ್ತಲ್ಲ ಅಣ್ಣ,” ಎಂದಳು ನಾಗರತ್ನ. “ಅದು ಸರಿಯಾಯ್ತದಾ?”

“ಕಳ್ಳನ ಹೆಂಡ್ತಿಗೆ ಗೌರ್ಮೆಂಟು ಕೆಲಸ ಕೊಡ್ತದಾ ತಾಯಿ? ನಿಮಗೆ ಆರ್ಡರ್ ಬಂತು ಅಂದ್ರೆ ಅವನ ಹೆಸರೂ ತೊಳೆದಂಗೆ.”

ಅವಳ ಮುಖ ಬದಲಾಯಿತು. ಆ ಮಾತು ಅವಳಿಗೆ ತಾಕಿತು ಎಂದು ನನಗೆ ತಿಳಿಯಿತು. ಆಮೇಲೆ ಅವಳು ಇನ್ನೊಂದು ವಿಷಯ ಹೇಳಿದಳು. ಊರಿನ ಅಂಗನವಾಡಿಯಲ್ಲಿ ಕಾರ್ಯಕರ್ತೆಯ ಜಾಗ ಖಾಲಿ ಇದೆ, ವಿಧವೆಯರಿಗೆ ಆದ್ಯತೆ, ಅರ್ಜಿ ಹಾಕಿ ಎಂದು ಮೇಲ್ವಿಚಾರಕಿ ಹೇಳಿ ಹೋಗಿದ್ದಾರೆ, ಹಾಕಲಾ ಎಂದು ಕೇಳಿದಳು. ಬೇಡ ಎಂದೆ. ಅದಕ್ಕೆ ಸೇರಿದರೆ ಇದಕ್ಕೆ ಅಡ್ಡಿಯಾಗುತ್ತದೆ ಎಂದೆ. ಯಾಕೆ ಹಾಗೆ ಹೇಳಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಅವಳಿಗೆ ಅಂಗನವಾಡಿ ಕೆಲಸ ಸಿಕ್ಕಿಬಿಟ್ಟರೆ ಚುನಾವಣೆ ಹೊತ್ತಿಗೆ ನಮ್ಮ ಅಗತ್ಯ ಅವಳಿಗಿರುತ್ತಿರಲಿಲ್ಲ.

ದೊಡ್ಡತಾಯಮ್ಮ ಮೊರವನ್ನು ನನ್ನ ಕಡೆ ಸರಿಸಿದರು. “ಬಾಯ್ಮಾತು ಬ್ಯಾಡ ಕಣಪ್ಪ. ಇದು ನನ್ ಐದನ ತಿಥಿ ಅಕ್ಕಿ. ಇದರ್ ಮ್ಯಾಲೆ ಕೈ ಮಡಗಿ ಯೋಳು.”

ನಾನು ಅಕ್ಕಿಯಲ್ಲಿ ಕೈ ಇಟ್ಟು ಹೇಳಿದೆ.

ಹನ್ನೊಂದನೇ ದಿನ ಅಧ್ಯಕ್ಷರು ಬಂದರು. ಜನ ದಾರಿ ಬಿಟ್ಟರು, ಯಾರೂ ನಮಸ್ಕರಿಸಲಿಲ್ಲ. ದೊಡ್ಡತಾಯಮ್ಮ ತಾವೇ ಬಂದು, “ಕೂತ್ಕಳಿ ಬುದ್ದಿ, ಎಲೆ ಹಾಕ್ಸೀವ್ನಿ,” ಎಂದಾಗ ಯಜಮಾನರು ಪರಸ್ಪರ ಮುಖ ನೋಡಿಕೊಂಡರು. ಅಧ್ಯಕ್ಷರು ಕೂತರು. ಅನ್ನವನ್ನು ಎರಡನೇ ಸಲ ಹಾಕಿಸಿಕೊಂಡರು. ನಾನು ಪಕ್ಕದಲ್ಲೇ ಕೂತು ಅದೇ ಅಕ್ಕಿಯ ಅನ್ನ ಉಂಡೆ. ರುಚಿಯಲ್ಲಿ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ. ಪುಸ್ತಕದಲ್ಲಿ ‘ಉಂಡರು’ ಎಂದು ಬರೆದುಕೊಂಡೆ.

ವಾಪಸು ಬರುವಾಗ ಅಧ್ಯಕ್ಷರು ಬೇರೆ ಕಾರಿನಲ್ಲಿ ಮುಂದೆ ಹೋದರು. ನನ್ನ ಜೊತೆ ಡ್ರೈವರ್ ನಸ್ರುಲ್ಲಾ ಒಬ್ಬನೇ. ಪಟ್ಟಣದವನು, ನನಗಿಂತ ಹತ್ತು ವರ್ಷ ಚಿಕ್ಕವನು.

“ಅಕ್ಕಿ ಮೇಲೆ ಕೈ ಇಟ್ರಂತೆ, ನಿಜಾನಾ ಅಣ್ಣ?”

“ಯಾರಂದ್ರು?”

“ಪಾತ್ರೆ ತೊಳೆಯೋರು ಮಾತಾಡ್ತಿದ್ರು. ನಮ್ ತಂಗಿ ಗಂಡನೂ ಹೊರಗುತ್ತಿಗೆನೇ ಇದ್ದ. ಅವನು ಸತ್ತಾಗ ನಮ್ ತಂಗಿಗೆ ಏನೂ ಬರಲಿಲ್ಲ. ನೀವೇ ಅಲ್ವಾ ಆವಾಗ ರೂಲ್ಸು ಇಲ್ಲ ಅಂದಿದ್ದು?”

“ನೀನು ರೋಡ್ ನೋಡ್ಕೊಂಡು ಗಾಡಿ ಓಡ್ಸು.”

“ಓಡಿಸ್ತಾ ಇದ್ದೀನಿ,” ಎಂದ ನಸ್ರುಲ್ಲಾ. “ಎಲ್ಲಿಗೆ ಅಂತ ನೀವೇ ನೋಡ್ಕೊಳ್ಳಿ.”

ಚುನಾವಣೆಯಲ್ಲಿ ಅಧ್ಯಕ್ಷರು ಗೆದ್ದರು. ಹೆಚ್ಚು ಅಂತರವೇನಲ್ಲ. ಎಂಟು ಊರುಗಳ ಮತ ಬೇರೆ ಕಡೆ ಹೋಗಿದ್ದರೆ ಸೋಲುತ್ತಿದ್ದರು. ಜಾತಿ ಲೆಕ್ಕಾಚಾರ, ಪಕ್ಷದ ಅಲೆ, ಮನೆತನದ ಹೆಸರು ಎಂದು ಪೇಪರಿನವರು ಕಾರಣ ಬರೆದರು. ಊಟದ ವಿಷಯ ಅವರಲ್ಲಿ ಯಾರಿಗೂ ತಿಳಿದಿರಲಿಲ್ಲ.

ನಾಗರತ್ನ ಸೋಮವಾರ ಸೋಮವಾರ ಬಸ್ಸಿಗೆ ಬರತೊಡಗಿದಳು. ಪ್ಲಾಸ್ಟಿಕ್ ಕವರಿನಲ್ಲಿ ಮರಣ ಪ್ರಮಾಣಪತ್ರ, ಮಾರ್ಕ್ಸ್ ಕಾರ್ಡ್, ಫೋಟೋಗಳು. ಫೈಲು ಬೆಂಗಳೂರಿನಲ್ಲಿದೆ ಎಂದೆ. ಅಭಿಪ್ರಾಯಕ್ಕೆ ಹೋಗಿದೆ ಎಂದೆ. ಸೆಕ್ರೆಟರಿ ಬದಲಾದರು ಎಂದೆ. ಯಾವ ಫೈಲೂ ಇರಲಿಲ್ಲ. ಒಂದು ಸಲ ಟೀ ತರಿಸಿಕೊಟ್ಟೆ. ಅವಳು ಕುಡಿಯದೆ, “ಆರ್ಡರ್ ಬಂದ್ಮೇಲೆ ಕುಡೀತೀನಿ ಬುಡಿ ಅಣ್ಣ,” ಎಂದು ನಕ್ಕಳು. ಅಧ್ಯಕ್ಷರಿಗೆ ನೆನಪಿಸಿದೆ. “ಮುಗೀತಲ್ಲಯ್ಯ ಅದು,” ಎಂದರು. ಅವರ ಮಟ್ಟಿಗೆ ಮುಗಿದಿತ್ತು.

ಒಂದು ವರ್ಷ ದಾಟಿದ ಮೇಲೆ ಒಂದು ಸೋಮವಾರ ಬಂದವಳು ಕೂರಲಿಲ್ಲ. ಡಿ.ಸಿ. ಕಚೇರಿಯ ಗುಮಾಸ್ತರೊಬ್ಬರನ್ನು ವಿಚಾರಿಸಿಕೊಂಡು ಬಂದಿದ್ದಳು.

“ಹೊರಗುತ್ತಿಗೆಗೆ ಇದು ಇಲ್ವಂತಲ್ಲ?”

ನಾನು ಕುರ್ಚಿ ಮುಂದೆ ಸರಿಸಿದೆ. ಅವಳು ನಿಂತೇ ಕೇಳಿದಳು:

“ನಿಮಗೆ ಯಾವತ್ನಿಂದ ಗೊತ್ತಿತ್ತು?”

“ಮೊದಲಿಂದ,” ಎಂದೆ. ಅದೊಂದು ಸಲ ಅವಳಿಗೆ ನಿಜ ಹೇಳಿದೆ.

ಅಳುತ್ತಾಳೆ, ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಅದಕ್ಕೆ ಏನು ಮಾಡಬೇಕು ಎಂದು ನನಗೆ ಗೊತ್ತಿತ್ತು. ಅವಳು ಮಾತ್ರ ಕವರನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, “ಬಸ್ಸಿಗೆ ಒತ್ತಾಯ್ತು,” ಎಂದು ಹೊರಟಳು. ಅಂಗನವಾಡಿ ಜಾಗಕ್ಕೆ ಅಷ್ಟರಲ್ಲಿ ಬೇರೆಯವರು ಬಂದಿದ್ದರು. ಮುಂದೆ ಪಕ್ಕದ ಊರಿನಲ್ಲಿ ಜಾಗ ಖಾಲಿಯಾಗುವ ಹೊತ್ತಿಗೆ ಅವಳಿಗೆ ವಯಸ್ಸಿನ ಮಿತಿ ದಾಟಿತ್ತು. ಈಗ ಗುಂಡ್ಲುಪೇಟೆ ರಸ್ತೆಯ ಚೆಂಡುಹೂವಿನ ಹೊಲಗಳಲ್ಲಿ ಕೂಲಿಗೆ ಹೂ ಕೀಳುತ್ತಾಳೆ.

ಆವತ್ತೇ ಕೆಲಸ ಬಿಟ್ಟೆ ಎಂದು ಬರೆದರೆ ಅದು ಇನ್ನೊಂದು ಸುಳ್ಳು. ಮತ್ತೂ ಒಂದೂವರೆ ವರ್ಷ ಅದೇ ಪುಸ್ತಕ ಹಿಡಿದು ಕುದೇರು, ಹರದನಹಳ್ಳಿ ತಿರುಗಿದೆ. ಕೊನೆಗೆ ಬಿಟ್ಟದ್ದು ಮಂಡಿ ನೋವಿನಿಂದ. ತಿಥಿ ಮನೆಗಳಲ್ಲಿ ನೆಲದ ಮೇಲೆ ಕೂರಲು ಆಗುತ್ತಿರಲಿಲ್ಲ. ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ಆ ಮೊರ ನೆನಪಿಗೆ ಬರತೊಡಗಿತು. ಹೆಂಡತಿ ಅಕ್ಕಿ ಆರಿಸುವಾಗ ಎದ್ದು ಹೊರಗೆ ಹೋಗುತ್ತೇನೆ.

ಈ ವರ್ಷ ದೊಡ್ಡತಾಯಮ್ಮ ತೀರಿಕೊಂಡರು. ನಸ್ರುಲ್ಲಾ ಫೋನ್ ಮಾಡಿ ಹೇಳಿದ. ಅದೇ ದಿನ ಅಧ್ಯಕ್ಷರ ಮಗನ ಕಡೆಯ ಹೊಸ ಸಹಾಯಕನೂ ಫೋನ್ ಮಾಡಿದ. “ಸಾರ್, ಆ ಮನೆ ಹೇಗೆ? ಚಿಕ್ಕ ಸಾಹೇಬ್ರು ಹೋದರೆ ಊಟಕ್ಕೆ ಕೂರಿಸ್ತಾರಾ?” ಎಂದು ಕೇಳಿದ. ಗೊತ್ತಿಲ್ಲ ಎಂದು ಫೋನ್ ಇಟ್ಟೆ. ತಿಥಿ ದಿನ ಯಾರ ಪರವಾಗಿಯೂ ಅಲ್ಲದೆ ಒಬ್ಬನೇ ಬಸ್ಸಿಗೆ ಹೋದೆ. ಚಿಕ್ಕ ಸಾಹೇಬರು ಬಂದು, ಫೋಟೋಗೆ ಕೈ ಮುಗಿದು, ಯಾರೂ ಕೂರಿ ಎನ್ನದ್ದರಿಂದ ಕಾರು ಹತ್ತಿ ಹೋಗಿದ್ದರಂತೆ.

ನನಗೂ ಯಾರೂ ಕೂರಿ ಎನ್ನಲಿಲ್ಲ. ಆದರೂ ಪಂಕ್ತಿಯ ಕೊನೆಯಲ್ಲಿ ಗೋಡೆ ಹಿಡಿದು ಕೂತೆ. ಎಲೆ ಹಾಕುತ್ತಾ ಬಂದ ನಾಗರತ್ನ ನನ್ನ ಮುಂದೆ ನಿಂತಳು. ಪಕ್ಕದ ಎಲೆಯ ಮುಂದೆ ಕೂತಿದ್ದ ಯಜಮಾನರು ಎಲೆಗೆ ನೀರು ಚಿಮುಕಿಸುವುದನ್ನು ನಿಲ್ಲಿಸಿ ನೋಡುತ್ತಿದ್ದರು.

“ನೀವು ಉಣ್ಬ್ಯಾಡಿ ಅಣ್ಣ. ಉಂಡ್ರೆ ಮುಗೀತು ಅಂತ ಊರು ತಿಳ್ಕತದೆ. ಮುಗಿದಿಲ್ಲ.”

ಎದ್ದೆ. ಮಂಡಿ ಹಿಡಿದುಕೊಂಡಿತ್ತು. ಅವಳೇ ರಟ್ಟೆ ಹಿಡಿದು ಎಬ್ಬಿಸಿದಳು. ಕೈ ಹಾಗೇ ಹಿಡಿದುಕೊಂಡು ಮೆಲ್ಲಗೆ ಹೇಳಿದಳು: “ನಂಗೆ ಕೆಲ್ಸ ಬ್ಯಾಡ. ಆ ಪಟ್ಟಿ ಯಾರು ಬರ್ದಿದ್ದು, ಯಾರು ತಂದ್ಕೊಟ್ಟಿದ್ದು ಅಂತ ಬರ್ದು ಕೊಡಿ. ನಮ್ಮ ಅತ್ತೆ ಸಾಯೋವರ್ಗೂ ಅದನ್ನೇ ಕೇಳ್ತಿದ್ರು. ಕೊಟ್ಟು ಬನ್ನಿ. ನಾನೇ ಎಲೆ ಹಾಕ್ತೀನಿ.”

ಶಾಮಿಯಾನದ ಹೊರಗೆ ಬಂದು ಕೂತೆ. ಅವಳ ಮಗಳು ಒಂದು ಚೊಂಬು ನೀರು ತಂದಿಟ್ಟು ಹೋದಳು. ಆ ಮನೆಯಿಂದ ಆವತ್ತು ನನಗೆ ಸಿಕ್ಕಿದ್ದು ಅಷ್ಟೇ. ಅದು ನನಗೆ ಹೆಚ್ಚೇ ಆಗಿತ್ತು.

ಮರುವಾರ, ಇನ್ನೂ ಮುಗಿಯದ ಬಾವಿ ಹಗರಣದ ತನಿಖಾಧಿಕಾರಿಗೆ ಹೇಳಿಕೆ ಬರೆದು ಕೊಟ್ಟೆ. ಪಟ್ಟಿ ನನ್ನ ಕೈಬರಹ, ಹೇಳಿ ಬರೆಸಿದವರು ಯಾರು, ಸಿದ್ದರಾಜುವಿನ ಮೇಜಿಗೆ ಒಯ್ದವನು ಯಾರು, ಅವನು “ಇಷ್ಟು ಹೆಸರಿಗೂ ಪಹಣಿ ಇದ್ಯಾ ಅಣ್ಣ?” ಎಂದು ಕೇಳಿದಾಗ ನಾನು ಏನು ಹೇಳಿ ಬಾಯಿ ಮುಚ್ಚಿಸಿದೆ, ಎಲ್ಲವನ್ನೂ ಬರೆದೆ. ನನ್ನನ್ನೂ ಆರೋಪಿ ಮಾಡಬಹುದು ಎಂದು ವಕೀಲರು ಹೇಳಿದ್ದಾರೆ. ಮಾಡಲಿ. ಹೇಳಿಕೆಯ ಒಂದು ಜೆರಾಕ್ಸ್ ಪ್ರತಿಯನ್ನು ನಾಗರತ್ನಳಿಗೆ ಕೊಟ್ಟೆ. ಅವಳು ನಿಂತೇ ಓದಿದಳು, ಮಡಚಿದಳು, ಒಳಗೆ ಹೋದಳು. ಅದನ್ನು ಮಗಳ ಶಾಲೆಗೆ ಒಯ್ದು ಮೇಷ್ಟ್ರಿಗೆ ತೋರಿಸಿದಳು ಎಂದು ಆಮೇಲೆ ಕೇಳಿದೆ.

ಹಗರಣದಲ್ಲಿ ಸಿಕ್ಕಿಬಿದ್ದವರು ಮತ್ತೆ ಮತ್ತೆ ಹೇಗೆ ಗೆಲ್ಲುತ್ತಾರೆ, ಅಪ್ಪನಾದ ಮೇಲೆ ಮಗ, ಮಗನಾದ ಮೇಲೆ ಮೊಮ್ಮಗ ಹೇಗೆ ಬರುತ್ತಾರೆ ಎಂದು ಜನ ಕೇಳುತ್ತಾರೆ. ಓದಿದವರು ಅದಕ್ಕೆ ದೊಡ್ಡ ಕಾರಣಗಳನ್ನು ಹೇಳಬಹುದು. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಜನ ತಾವಾಗಿ ಮರೆಯುವುದು ಕಡಿಮೆ. ಮರೆಸುವುದಕ್ಕೆಂದು ನನ್ನಂಥವರನ್ನು ಇಟ್ಟುಕೊಂಡಿರುತ್ತಾರೆ. ನಾವು ಆ ಕೆಲಸ ಬಿಟ್ಟರೆ ಅವರ ಗೆಲುವು ಈಗಿನಷ್ಟು ಸುಲಭವಾಗಿರುವುದಿಲ್ಲ.

ಹೊಸ ಸಹಾಯಕ ಹಳೆಯ ಪುಸ್ತಕ ಕೇಳಿ ಕಳಿಸಿದ್ದ. ಕೊಡಲಿಲ್ಲ. ದೊಡ್ಡತಾಯಮ್ಮನ ವರ್ಷದ ಎಡೆಗೆ ಇನ್ನು ನಾಲ್ಕು ತಿಂಗಳಿದೆ. ಕರೆ ಬಂದರೆ ಬಸ್ಸಿಗೆ ಹೋಗುತ್ತೇನೆ. ಈ ಸಲ ಕರೆಸಿಕೊಳ್ಳುವುದಕ್ಕೆ ಮೊದಲೇ ಹೋಗಿ ಯಾವ ಮಾತೂ ಕೊಡುವುದಿಲ್ಲ.