ಹಳ್ಳಿಗಳಿಲ್ಲದ ಶಿಗಾ, ನೀರೊಳಗಿನ ಹೊನ್ನೆಕೊಪ್ಪ

“ಸರ್ಕಾರದೋರು ನಿಮಗೆ ಎಷ್ಟು ಎಕರೆ ಕೊಟ್ರಪ್ಪಾ?”

ಹೋದ ಗುರುವಾರ ಮಧ್ಯಾಹ್ನ, ಭದ್ರಾವತಿಯ ಓಲ್ಡ್ ಟೌನಿನ ಮನೆಯೊಂದರಲ್ಲಿ, ಊಟದ ನಡುವೆ ಈ ಪ್ರಶ್ನೆ ಕೇಳಿದವರು ನನ್ನ ಸೋದರತ್ತೆ ಗೌರಮ್ಮ. ಕೇಳಿಸಿಕೊಂಡವರು ಜಪಾನಿನಿಂದ ಬಂದ ಹಾಯಾಶಿ ಎಂಬ ಇಂಜಿನಿಯರು. ಅವರ ಕೈಯಲ್ಲಿ ಕಡುಬಿನ ತುಂಡು, ಮುಖದಲ್ಲಿ ಗಾಬರಿ. ಪಾಪ, ಆ ಮನುಷ್ಯ ಜೀವಮಾನದಲ್ಲಿ ಒಂದು ಗುಂಟೆ ಜಾಗವನ್ನೂ ಕಳೆದುಕೊಂಡವರಲ್ಲ.

ಇಬ್ಬರ ನಡುವೆ ದುಭಾಷಿಯಾಗಿ ಕೂತವಳು ನಾನು. ಏನಂತ ಭಾಷಾಂತರ ಮಾಡಲಿ, ನೀವೇ ಹೇಳಿ?

ಮೊದಲಿಂದ ಹೇಳುತ್ತೇನೆ. ನನ್ನ ತಮ್ಮ ಪ್ರಕಾಶನಿಗೆ ಮಾಚೇನಹಳ್ಳಿಯಲ್ಲಿ ಒಂದು ವರ್ಕ್‌ಶಾಪ್ ಇದೆ. ಪಂಪುಗಳಿಗೆ ಬೇಕಾಗುವ ಸಣ್ಣಪುಟ್ಟ ಬಿಡಿಭಾಗ ಮಾಡುತ್ತಾರೆ. ಅವನ್ನು ಕೊಳ್ಳಬಹುದೇ ಎಂದು ನೋಡಿಹೋಗಲು ಹಾಯಾಶಿ ಬಂದಿದ್ದರು. ಐವತ್ತೈದರ ಆಸುಪಾಸು. ಬಲು ಸೌಮ್ಯ. ಲೇತ್ ಮಷಿನ್ನಿಗೂ ತಲೆಬಾಗಿ ನಮಸ್ಕಾರ ಮಾಡಿಯಾರೇನೋ ಅನ್ನುವಷ್ಟು ವಿನಯ. ಆದರೆ ಹೋಟೆಲಿನ ಮಸಾಲೆ ಹೊಟ್ಟೆಗೆ ಒಗ್ಗದೆ, ಬಂದಾಗಿನಿಂದ ಬಾಳೆಹಣ್ಣು ಬ್ರೆಡ್ಡಿನಲ್ಲೇ ಕಾಲ ಹಾಕುತ್ತಿದ್ದರು. ಸುದ್ದಿ ಅತ್ತೆಯ ಕಿವಿಗೆ ಬಿತ್ತು.

“ಅಷ್ಟು ದೂರದಿಂದ ಬಂದೋರಿಗೆ ಬ್ರೆಡ್ ತಿನ್ನಿಸ್ತಿದೀಯಲ್ಲೋ, ಮರ್ಯಾದೆ ಇದ್ಯಾ ನಿಂಗೆ? ನಾಳೆ ಕರ್ಕೊಂಡ್ ಬಾ ಇಲ್ಲಿಗೆ” ಎಂದು ಫೋನಿನಲ್ಲೇ ಪ್ರಕಾಶನ ಕಿವಿ ಹಿಂಡಿದರು. ನನಗೂ ಬುಲಾವ್ ಬಂತು. (ಇಂಗ್ಲಿಷ್ ಲೆಕ್ಚರರ್ ಆಗಿ ರಿಟೈರ್ ಆದವಳಿಗೆ ಮನೆಯವರು ಕೊಡುವ ಕೆಲಸ ಇಂಥದ್ದೇ.)

ಶಿವಮೊಗ್ಗದ ರವೀಂದ್ರನಗರದ ನನ್ನ ಮನೆಯಿಂದ ಕಾರಿನಲ್ಲಿ ಹೊರಟೆ. ದಾರಿಯಲ್ಲಿ ಮಾಚೇನಹಳ್ಳಿಗೆ ಹೋಗಿ ಅವರಿಬ್ಬರನ್ನೂ ಹತ್ತಿಸಿಕೊಳ್ಳಬೇಕಿತ್ತು. ವರ್ಕ್‌ಶಾಪಿನ ಗೇಟು ದಾಟಿದವಳು ಅಲ್ಲೇ ನಿಂತುಬಿಟ್ಟೆ. ಗೋಡೆಗೆ ಹೊಸ ಬೋರ್ಡೊಂದು ಒರಗಿತ್ತು. ಥಳಥಳ ಹೊಳೆಯುವ ಸ್ಟೀಲು, ದಪ್ಪ ಇಂಗ್ಲಿಷ್ ಅಕ್ಷರ: ‘ಪ್ರಕಾಶ್ ಪ್ರಿಸಿಷನ್’. ಅದರ ಮೇಲೆ, ಬಾಗಿಲ ನೆತ್ತಿಯಲ್ಲಿ, ಅಪ್ಪನ ಕಾಲದ ತಗಡಿನ ಬೋರ್ಡು ಇನ್ನೂ ನೇತಾಡುತ್ತಿತ್ತು. ಕನ್ನಡದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ ಬರೆಸಿದ್ದು: ‘ಹೊನ್ನೆಕೊಪ್ಪ ಇಂಜಿನಿಯರಿಂಗ್ ವರ್ಕ್ಸ್’.

“ಏನೋ ಇದು?”

“ಸೋಮವಾರ ಚೇಂಜ್ ಮಾಡ್ತೀನಿ ಅಕ್ಕಾ. ಎಕ್ಸ್‌ಪೋರ್ಟ್ ಅಂದ್ಮೇಲೆ ಹೆಸ್ರೂ ಹಂಗೇ ಇರ್ಬೇಕು. ಹೊನ್ನೆಕೊಪ್ಪ ಅಂತ ಫಾರಿನ್ನವರ ಬಾಯಲ್ಲಿ ಹೊರಳುತ್ತಾ? ಮ್ಯಾಪಲ್ಲಿ ಹುಡುಕಿದ್ರೂ ಸಿಗಲ್ಲ.” ಆಮೇಲೆ ದನಿ ತಗ್ಗಿಸಿ, “ಅತ್ತೆ ಹತ್ರ ಬಾಯಿ ಬಿಡ್ಬೇಡ ಮಾರಾಯ್ತಿ” ಎಂದ. ಆಯ್ತು ಎಂದೆ.

ಮ್ಯಾಪಿನಲ್ಲಿ ಎಲ್ಲಿಂದ ಸಿಕ್ಕೀತು? ಹೊನ್ನೆಕೊಪ್ಪ ನನ್ನ ಅಪ್ಪನ ಊರು, ಅತ್ತೆಯ ತವರು. ಲಿಂಗನಮಕ್ಕಿಯಲ್ಲಿ ಆಣೆಕಟ್ಟು ಎದ್ದಾಗ ಶರಾವತಿಯ ಹಿನ್ನೀರಿನಲ್ಲಿ ಮುಳುಗಿತು. ಆಗ ಅತ್ತೆಗೆ ಎಂಟೋ ಒಂಬತ್ತೋ. ನಮ್ಮ ಜಿಲ್ಲೆಯಲ್ಲಿ ‘ಮುಳುಗಡೆಯವರು’ ಎಂಬ ಒಂದು ಜನವೇ ಇದೆ. ಜಾತಿ ಯಾವುದಾದರೂ ಇರಲಿ, ಹೊಸಬರನ್ನು ಕಂಡರೆ ಅವರ ಮೊದಲ ಪ್ರಶ್ನೆ ಒಂದೇ: “ನಿಮ್ದು ಯಾವ ಮುಳುಗಡೆ? ಶರಾವತಿನಾ, ಭದ್ರಾನಾ?” ಎರಡನೆಯದು: “ಎಷ್ಟು ಎಕರೆ ಕೊಟ್ರು?”

ಅಪ್ಪನಿಗೆ ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ನಾವು ಹುಟ್ಟಿ ಬೆಳೆದದ್ದು ಅಲ್ಲೇ. ಸೈರನ್ ಕೂಗಿದರೆ ಊರಿಗೆ ಊರೇ ಗಡಿಯಾರ ನೋಡಿಕೊಳ್ಳುತ್ತಿದ್ದ ಕಾಲ. ಪಕ್ಕದ ಮನೆಯಲ್ಲಿ ತಮಿಳು, ಎದುರು ಮನೆಯಲ್ಲಿ ತೆಲುಗು, ಬೀದಿ ಜಗಳದಲ್ಲಿ ಮೂರೂ. ಎಷ್ಟು ಚೆನ್ನಾಗಿತ್ತು! ಒಂದೇ ಒಂದು ಸಂಕಟ. ಬೇಸಿಗೆ ರಜೆ ಬಂತೆಂದರೆ ಸೆಲ್ವಿ ವೆಲ್ಲೂರಿನ ಬಸ್ಸು ಹತ್ತುತ್ತಿದ್ದಳು, ಪದ್ಮ ಚಿತ್ತೂರಿನ ಬಸ್ಸು ಹತ್ತುತ್ತಿದ್ದಳು. ಹೋಗೋಣವೆಂದರೆ ನಮಗೆ ಊರೇ ಇರಲಿಲ್ಲ. ಖಾಲಿ ಬೀದಿಯಲ್ಲಿ ನಾನೂ ಪ್ರಕಾಶನೂ ಕುಂಟೆಬಿಲ್ಲೆ ಆಡುತ್ತಿದ್ದೆವು.

ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಮಾತ್ರ ಅಪ್ಪ ನಮ್ಮನ್ನೂ ಅತ್ತೆಯನ್ನೂ ಕಟ್ಟಿಕೊಂಡು ಬಸ್ಸಿನಲ್ಲಿ ಹಿನ್ನೀರಿನ ದಡಕ್ಕೆ ಹೋಗುತ್ತಿದ್ದರು. ಬಿರುಕುಬಿಟ್ಟ ಕೆಸರಿನ ಮೇಲೆ ನಡೆಯುತ್ತಾ “ಇದು ಶಾಲೆ, ಇದು ಬಾವಿ” ಎಂದು ತೋರಿಸುವರು. ಅಲ್ಲಿ ಶಾಲೆಯೂ ಇಲ್ಲ, ಬಾವಿಯೂ ಇಲ್ಲ. “ಬಾವಿ ಅಲ್ಲಲ್ಲ ಅಣ್ಣಾ, ಹಲಸಿನ ಮರದ ಈಚೆ” ಎಂದು ಅತ್ತೆ ತಕರಾರು ತೆಗೆಯುವರು. ಹಲಸಿನ ಮರವೂ ಇಲ್ಲ! ಇಲ್ಲದ ಮರಕ್ಕೆ, ಇಲ್ಲದ ಬಾವಿಗೆ ಅಣ್ಣ ತಂಗಿ ಬಿಸಿಲಲ್ಲಿ ನಿಂತು ಅರ್ಧ ಗಂಟೆ ಜಗಳವಾಡುವರು. ಆಗ ನಗು ಬರುತ್ತಿತ್ತು. ಈಗ ಬರುವುದಿಲ್ಲ.

ರಿಟೈರ್ ಆದಮೇಲೆ ಅಪ್ಪ ಮಾಚೇನಹಳ್ಳಿಯಲ್ಲಿ ಒಂದು ಶೆಡ್ ಹಾಕಿ, ಹಳೇ ಲೇತ್ ತಂದು ಕೂರಿಸಿದರು. ಬೋರ್ಡಿಗೆ ತಮ್ಮ ಹೆಸರನ್ನೂ ಇಡಲಿಲ್ಲ, ಮನೆದೇವರ ಹೆಸರನ್ನೂ ಇಡಲಿಲ್ಲ. ಊರಿನ ಹೆಸರು ಬರೆಸಿದರು. ಅತ್ತೆ ಬಂದು ಬೋರ್ಡಿಗೆ ಕುಂಕುಮ ಇಟ್ಟು ಕಾಯಿ ಒಡೆದರು. ನನಗೆ ತಿಳಿದ ಮಟ್ಟಿಗೆ, ಈ ಭೂಮಿಯ ಮೇಲೆ ನಮ್ಮ ಹೊನ್ನೆಕೊಪ್ಪದ ಹೆಸರು ಬರೆದಿರುವುದು ಅದೊಂದೇ ತಗಡಿನ ಮೇಲೆ. ಅಪ್ಪ ಈಗಿಲ್ಲ.

ಇರಲಿ, ಊಟಕ್ಕೆ ಬರೋಣ. ಬಿಸಿ ಕಡುಬು, ಬೆಣ್ಣೆ, ಕಾಯಿಚಟ್ನಿ, ಅನ್ನ, ತಿಳಿಸಾರು. ಹಾಯಾಶಿ ಕಣ್ಣು ಮುಚ್ಚಿ ತಿಂದರು. ಅಪ್ಪೆಮಿಡಿ ಉಪ್ಪಿನಕಾಯಿ ಕಚ್ಚಿದವರೇ, ತಮ್ಮಲ್ಲೂ ಹೀಗೇ ಹುಳಿಯ ಕಾಯಿಯನ್ನು ಉಪ್ಪಿನಲ್ಲಿ ಹಾಕಿಡುತ್ತೇವೆ ಎಂದರು. ಅತ್ತೆಗೆ ಅಷ್ಟು ಸಾಕಾಯಿತು. ಮನುಷ್ಯ ನಮ್ಮ ಕಡೆಯವನೇ ಎಂದು ತೀರ್ಮಾನಿಸಿದರು.

“ಯಾವೂರು ಅಂತ ಕೇಳೇ.”

ಕೇಳಿದೆ. ಹಾಯಾಶಿ ಎಡಗೈಯಲ್ಲಿ ಫೋನು ತೆಗೆದು ಮ್ಯಾಪ್ ತೋರಿಸಿದರು. ಶಿಗಾ ಅಂತ ಹೆಸರು. ಜಪಾನಿನಲ್ಲಿ ಇಂಥದ್ದನ್ನು ಪ್ರಿಫೆಕ್ಚರ್ ಎನ್ನುತ್ತಾರೆ. ಅಳತೆಯಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಅರ್ಧದಷ್ಟು, ಗತ್ತಿನಲ್ಲಿ ರಾಜ್ಯದ ಹಾಗೆ. ಡಿ.ಸಿ. ಇಲ್ಲ. ಜನರೇ ವೋಟು ಹಾಕಿ ಆರಿಸಿದ ಗವರ್ನರ್ ಇರುತ್ತಾರೆ. ನೈಋತ್ಯ ಮೂಲೆಯ ಓತ್ಸು ಎಂಬ ಸಿಟಿಯಲ್ಲಿ ಅವರ ಆಫೀಸು. ಅವರ ಕೆಳಗೆ ನೇರವಾಗಿ ಸಿಟಿಗಳು ಮತ್ತು ಟೌನುಗಳು, ಒಂದೊಂದಕ್ಕೂ ಒಬ್ಬ ಮೇಯರ್. ತಾಲ್ಲೂಕಿನಂಥದ್ದು ಹಿಂದೆ ಇತ್ತಂತೆ, ಈಗ ಟೌನುಗಳ ವಿಳಾಸದಲ್ಲಿ ಹೆಸರಿಗೆ ಮಾತ್ರ ಉಳಿದಿದೆ.

“ತಹಶೀಲ್ದಾರ್ ಇಲ್ವಾ? ಮತ್ತೆ ಪಹಣಿ ಯಾರು ಕೊಡ್ತಾರೆ?” ಅತ್ತೆಗೆ ಕಳವಳ.

(ಅದನ್ನು ನಾನು ಭಾಷಾಂತರ ಮಾಡಲಿಲ್ಲ. ದುಭಾಷಿಗೂ ಒಂದಿಷ್ಟು ಸ್ವಾತಂತ್ರ್ಯ ಬೇಡವೇ?)

ಹಾಯಾಶಿ ಮ್ಯಾಪನ್ನು ದೊಡ್ಡದು ಮಾಡಿದರು. ಶಿಗಾಕ್ಕೆ ಕಡಲಿಲ್ಲ. ಸುತ್ತಲೂ ಬೆಟ್ಟ. ನಟ್ಟನಡುವೆ ನೀಲಿ ನೀರು, ಜಪಾನಿನಲ್ಲೇ ದೊಡ್ಡದಾದ ಬಿವಾ ಸರೋವರ. ಇಡೀ ಶಿಗಾದಲ್ಲಿ ಆರರಲ್ಲೊಂದು ಪಾಲು ನೀರೇ. ಬೆಟ್ಟಗಳಿಂದ ನೂರಾರು ಹೊಳೆ ಹಳ್ಳ ಇಳಿದು ಬಂದು ಅದನ್ನು ಸೇರುತ್ತವೆ. ತಾನಾಗಿ ಹೊರಗೆ ಹರಿಯುವುದು ದಕ್ಷಿಣದ ತುದಿಯಲ್ಲಿ ಒಂದೇ ನದಿ. ಗದ್ದೆ, ಊರು, ರೈಲು ಎಲ್ಲವೂ ನೀರಿಗೂ ಬೆಟ್ಟಕ್ಕೂ ನಡುವಿನ ಬಯಲಿನಲ್ಲಿ.

ನಾನು ಇದೆಲ್ಲ ಕನ್ನಡದಲ್ಲಿ ಹೇಳುತ್ತಿದ್ದರೆ ಅತ್ತೆಯ ಮುಖ ಯಾಕೋ ಬಾಡುತ್ತಾ ಬಂತು. ನನಗೆ ಹೊಳೆಯಲಿಲ್ಲ.

“ಇವರ ಹಳ್ಳಿ ಎಲ್ಲಿ?” ಎಂದರು ಮೆಲ್ಲಗೆ.

ಹಾಯಾಶಿ ಸರೋವರದ ವಾಯವ್ಯದ ಬೆಟ್ಟಗಳ ಮೇಲೆ ಬೆರಳಿಟ್ಟು, “ಇಲ್ಲಿತ್ತು. ಈಗ ಇಲ್ಲ” ಎಂದರು. ಅವರದೊಂದೇ ಅಲ್ಲವಂತೆ. ಶಿಗಾದಲ್ಲಿ ಈಗ ಇರುವುದು ಹದಿಮೂರು ಸಿಟಿ, ಆರು ಟೌನು. ಹಳ್ಳಿ ಒಂದೂ ಇಲ್ಲ. ಎಲ್ಲ ಹೋದವು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಗ ಬಂತು ನೋಡಿ ಆ ಪ್ರಶ್ನೆ.

“ಸರ್ಕಾರದೋರು ನಿಮಗೆ ಎಷ್ಟು ಎಕರೆ ಕೊಟ್ರಪ್ಪಾ?”

ನನಗೆ ತಟ್ಟನೆ ಅರ್ಥವಾಯಿತು. ಸುತ್ತ ಗುಡ್ಡ, ನಡುವೆ ನೀರು, ಹಳ್ಳಿಗಳು ಇಲ್ಲ. ಶಿವಮೊಗ್ಗ ಜಿಲ್ಲೆಯವರು ಇದಕ್ಕೆ ಬೇರೆ ಯಾವ ಅರ್ಥ ಹಚ್ಚಬೇಕು? ಲಕ್ಷಾಂತರ ವರ್ಷಗಳಿಂದ ತನ್ನ ಪಾಡಿಗೆ ತಾನಿದ್ದ ಬಿವಾ ಸರೋವರ ಓಲ್ಡ್ ಟೌನಿನ ಆ ಟೇಬಲ್ಲಿನ ಮೇಲೆ ಹಿನ್ನೀರಾಗಿಬಿಟ್ಟಿತ್ತು.

ನಾನು ಬಾಯಿ ತೆರೆಯುವ ಮೊದಲೇ ಪ್ರಕಾಶ ಪ್ರಶ್ನೆಯನ್ನು ಇಂಗ್ಲಿಷಿಗೆ ದಾಟಿಸಿಬಿಟ್ಟ. “ಜಮೀನೇ? ಯಾರೂ ಕೊಡಲಿಲ್ಲ” ಎಂದರು ಹಾಯಾಶಿ, ಇನ್ನಷ್ಟು ಗಾಬರಿಯಾಗಿ.

“ನೋಡ್ದ್ಯಾ? ಅಲ್ಲೂ ಇದೇ ಕಥೆ!” ಅತ್ತೆ ಕೆರಳಿದರು. “ಕಾಗದ ಪತ್ರ ಜೋಪಾನವಾಗಿ ಇಟ್ಕೊಂಡಿರೋಕೆ ಹೇಳೇ. ಸುಮ್ನಿದ್ರೆ ಯಾರೂ ಕೊಡಲ್ಲ.”

ಗಂಟು ಬಿಡಿಸಲು ಸ್ವಲ್ಪ ಹೊತ್ತು ಹಿಡಿಯಿತು. ಅದು ಆಣೆಕಟ್ಟಿನ ನೀರಲ್ಲ ಅತ್ತೆ, ದೇವರು ಕೊಟ್ಟ ಸರೋವರ. ಹಳ್ಳಿ ಮುಳುಗಲಿಲ್ಲ. ಜನ ಕಡಿಮೆಯಾಗುತ್ತಾ ಬಂದರು, ಆಡಳಿತಕ್ಕೆ ಅನುಕೂಲ ಅಂತ ಸುತ್ತಲ ಊರುಗಳನ್ನು ಒಟ್ಟುಗೂಡಿಸಿ ಒಂದು ಸಿಟಿ ಮಾಡಿದರು, ಸುಮಾರು ಇಪ್ಪತ್ತು ವರ್ಷದ ಹಿಂದೆ. ಹಳ್ಳಿಯ ಆಫೀಸು ಈಗ ಸಿಟಿಯ ಬ್ರಾಂಚು. ಹಾಯಾಶಿಯವರ ಮನೆ ಅಲ್ಲೇ ಇದೆ, ಅಣ್ಣ ಅಲ್ಲೇ ಗದ್ದೆ ಮಾಡುತ್ತಾರೆ.

ಅತ್ತೆ ತಿಳಿಸಾರಿನ ಸೌಟು ಹಿಡಿದುಕೊಂಡೇ ಯೋಚಿಸಿದರು.

“ಮನೆ ಇದೆ ಅಂತೀರಿ, ಗದ್ದೆ ಇದೆ ಅಂತೀರಿ. ಅಣ್ಣನೂ ಅಲ್ಲೇ ಇದಾನೆ. ಮತ್ತೆ ಹೋಗಿದ್ದೇನು?”

ಕೇಳಿದೆ. ಹಾಯಾಶಿ ಕೈಯಲ್ಲಿದ್ದ ಕಡುಬನ್ನು ತಟ್ಟೆಯಲ್ಲಿಟ್ಟರು. “ಈಗ ಯಾರಾದರೂ ಊರು ಕೇಳಿದರೆ ನಾನೂ ಸಿಟಿಯ ಹೆಸರನ್ನೇ ಹೇಳುತ್ತೇನೆ” ಎಂದರು. “ಹಳ್ಳಿಯ ಹೆಸರು ವಿಳಾಸದ ನಡುವೆ ಎಲ್ಲೋ ಇದೆ, ಆದರೆ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ನನ್ನ ಮಗಳಿಗೆ ಹೇಳಿದರೆ ‘ಅದ್ಯಾವ ಊರಪ್ಪಾ’ ಎನ್ನುತ್ತಾಳೆ.”

ಅತ್ತೆ ಅವರ ತಟ್ಟೆಗೆ ಇನ್ನೊಂದು ಕಡುಬು ಹಾಕಿದರು. ಬೇಡವೆಂದರೂ ಹಾಕಿದರು.

“ಹಂಗಾದ್ರೆ ನಾವೇ ಪುಣ್ಯವಂತರು ಕಣೇ. ನಮ್ಮೂರು ಹೋಯ್ತು, ಹೆಸ್ರು ಹೋಗ್ಲಿಲ್ಲ. ನಮ್ಮಣ್ಣ ಬೋರ್ಡಲ್ಲಿ ಬರೆಸಿಟ್ಟು ಹೋದ. ದಿನಾ ಎಷ್ಟು ಲಾರಿಯೋರು, ಎಷ್ಟು ಗಿರಾಕಿಗಳು ಓದ್ತಾರೆ! ಇವರು ನೋಡಿದ್ರಾ ಆ ಬೋರ್ಡ್ನ, ಕೇಳು.”

ಪ್ರಕಾಶ ತಟ್ಟೆಯಿಂದ ತಲೆ ಎತ್ತಲಿಲ್ಲ. ನಾನು ಕೇಳಿದೆ. ಹಾಯಾಶಿ ಎರಡೂ ಬೋರ್ಡುಗಳನ್ನು ಕಂಡವರು. ಒಮ್ಮೆ ಪ್ರಕಾಶನನ್ನು ನೋಡಿದರು, ಒಮ್ಮೆ ಅತ್ತೆಯನ್ನು. “ನೋಡಿದೆ. ಒಳಗೆ ಕಾಲಿಡುವ ಮೊದಲು ಅದನ್ನೇ ನೋಡಿದೆ” ಎಂದರು. ಅದನ್ನು ಮಾತ್ರ ನಾನು ಒಂದಕ್ಷರ ಬಿಡದೆ ಭಾಷಾಂತರ ಮಾಡಿದೆ. ಅತ್ತೆಯ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು.

ಕಾರಿನಲ್ಲಿ ಹಿಂದಿರುಗುತ್ತಾ ಸೇತುವೆ ದಾಟುವಾಗ ಹಾಯಾಶಿ ಹಿಂದಿನ ಸೀಟಿನಿಂದ ಮೆಲ್ಲಗೆ ಕೇಳಿದರು, ಆ ಊರಿನ ಹೆಸರನ್ನು ಹೇಗೆ ಹೇಳುವುದು ಎಂದು. ಹೇಳಿದೆ.

“ಹೊನ್ನೆಕೊಪ್ಪ” ಎಂದರು.

ನಾನೂ ಪ್ರಕಾಶನೂ ಒಟ್ಟಿಗೆ ತಿರುಗಿ ನೋಡಿದೆವು. ಒತ್ತು ಒತ್ತಾಗಿಯೇ, ಸ್ವರ ಸ್ವರವಾಗಿಯೇ, ಥೇಟ್ ನಮ್ಮ ಅಪ್ಪ ಹೇಳಿದ ಹಾಗೆ! ಅವರ ಭಾಷೆಯಲ್ಲೂ ಒತ್ತುಗಳು ಧಾರಾಳವಂತೆ. ತಮ್ಮ ದೇಶವನ್ನೇ ನಿಪ್ಪೊನ್ ಎಂದು ಒತ್ತಿ ಹೇಳುವ ಜನಕ್ಕೆ ಹೊನ್ನೆಕೊಪ್ಪ ಯಾವ ಲೆಕ್ಕ?

“ಇನ್ನೊಂದು ಬೋರ್ಡಿನ ಹೆಸರು?” ಎಂದೆ, ಬೇಕೆಂದೇ.

ಹಾಯಾಶಿ ನಾಲಿಗೆಯನ್ನು ಸರಿಮಾಡಿಕೊಂಡು ಧೈರ್ಯದಿಂದ ಹೊರಟರು. “ಪುರಕಾಶು... ಪುರೆಶಿಜೊನ್...” ಅಷ್ಟಕ್ಕೇ ನಿಲ್ಲಿಸಿ, ಕ್ಷಮಿಸಿ ಎಂದು ತಲೆ ಬಗ್ಗಿಸಿದರು.

ಪ್ರಕಾಶ ಕಿಟಕಿಯ ಆಚೆ ನೋಡುತ್ತಾ ಕೂತ.

ಸೋಮವಾರ ಬಂತು, ಹೋಯಿತು. ಬೋರ್ಡು ಏರಿಸುವವನು ಏಣಿ ತಂದಿದ್ದನಂತೆ, “ಇನ್ನೊಂದ್ ವಾರ ತಡೀ” ಎಂದು ಇವನು ವಾಪಸ್ ಕಳಿಸಿದನಂತೆ. ಹೊಸ ಬೋರ್ಡಿನ ದುಡ್ಡು ಆಗಲೇ ಕೊಟ್ಟಾಗಿದೆ, ವಿಸಿಟಿಂಗ್ ಕಾರ್ಡೂ ಪ್ರಿಂಟಾಗಿವೆ ಎಂದು ನನ್ನ ಮುಂದೆ ಅಲವತ್ತುಕೊಂಡ. ಅವನ ಕಷ್ಟವೂ ಸುಳ್ಳಲ್ಲ. ವ್ಯಾಪಾರ ಅವನದು, ಸಾಲದ ಕಂತು ಅವನದು, ನಾನು ಬರೀ ಅಕ್ಕ. ಆದರೂ ಒಂದು ಮಾತು ಒಳಗೇ ಕೊರೆಯುತ್ತಿದೆ. ಊರನ್ನು ಮುಳುಗಿಸಿದರು ಅಂತ ಇಷ್ಟು ವರ್ಷ ಸರ್ಕಾರವನ್ನು ಬೈದುಕೊಂಡು ಬಂದವರು ನಾವು. ಹೆಸರನ್ನು ನಾವೇ ಮುಳುಗಿಸಿದರೆ ಯಾರನ್ನು ಬೈಯುವುದು? ಅದನ್ನು ಅವನ ಮುಖಕ್ಕೆ ಹೇಳಲು ಬಾಯಿ ಬರಲಿಲ್ಲ. ಅತ್ತೆಗೆ ಹೇಳುವುದಿಲ್ಲವೆಂದು ಮಾತು ಬೇರೆ ಕೊಟ್ಟಿದ್ದೇನೆ. ಮಾತಿಗೆ ತಪ್ಪುವವಳಲ್ಲ, ಬಾಯಿ ಬಿಟ್ಟಿಲ್ಲ.

ಆದರೆ ಪ್ರಕಾಶಾ, ಅತ್ತೆ ಪ್ರತಿ ವಾರ ಈ ಅಂಕಣವನ್ನು ಕನ್ನಡಕ ಹಾಕಿಕೊಂಡು ಕೊನೆಯ ಸಾಲಿನವರೆಗೂ ಓದುತ್ತಾರೆ ಅನ್ನುವುದು ನಿನಗೆ ಗೊತ್ತಿತ್ತು ತಾನೇ?